ಮೊದಲು ಕೋಸಿನ ನೀರು ಹಿಂಡಿ, ಕೋಲ್‌ಸ್ಲಾ ಮಾತು ಆಮೇಲೆ

ಬೇಸಿಗೆ ಬಂತೆಂದರೆ ಇಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಪ್ರತಿ ವಾರಾಂತ್ಯವೂ ಒಂದಲ್ಲ ಒಂದು ಪಾಟ್‌ಲಕ್, ಅಂದರೆ ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿಕೊಂಡು ಬರುವ ಊಟ. ಪಾರ್ಕಿನ ಉದ್ದ ಮೇಜಿನ ಮೇಲೆ ಬಿಸಿಬೇಳೆ ಬಾತು, ಪುಳಿಯೋಗರೆ, ಮಕ್ಕಳಿಗೆ ಅಂತ ವೆಜ್ ಬರ್ಗರ್, ಬರ್ಗರ್ ಜೊತೆಗೆ ಒಂದು ದೊಡ್ಡ ಪಾತ್ರೆ ಕೋಲ್‌ಸ್ಲಾ, ಅಂದರೆ ಹಸಿ ಕೋಸಿನ ಸಲಾಡ್. ಆ ಪಾತ್ರೆಯ ಮುಚ್ಚಳ ತೆಗೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ತಳದಲ್ಲಿ ಬಿಳಿ ನೀರು, ಅದರಲ್ಲಿ ತೇಲುತ್ತಿರುವ ಕೋಸು. ಸೌಟು ಹಾಕಿದರೆ ಅರ್ಧ ಸಾರು ಬರುತ್ತದೆ. ಮಾಡಿಕೊಂಡು ಬಂದವರನ್ನು ಕೇಳಿದರೆ, "ಬೆಳಿಗ್ಗೆ ಚೆನ್ನಾಗಿತ್ತು ಆಂಟಿ" ಅಂತಾರೆ. ಬೆಳಿಗ್ಗೆ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ ಕಣಮ್ಮ. ಮಧ್ಯಾಹ್ನ ಹೇಗಿರುತ್ತದೆ ಅನ್ನೋದೇ ಕೋಲ್‌ಸ್ಲಾ.

ಇದರಲ್ಲಿ ಗುಟ್ಟೇನೂ ಇಲ್ಲ. ಕೋಸಿನಲ್ಲಿ ನೂರಕ್ಕೆ 92 ಪಾಲು ಬರೀ ನೀರು. ಅದಕ್ಕೆ ಕಲಸುವ ಮೇಯನೇಸ್‌ನಲ್ಲಿ, ಅಂದರೆ ಎಣ್ಣೆ ಮೊಟ್ಟೆ ಕಡೆದ ಬಿಳಿ ಸಾಸ್‌ನಲ್ಲಿ, ಉಪ್ಪಿದೆ, ಮೇಲಿಂದ ನೀವು ಸಕ್ಕರೆ ಬೇರೆ ಸುರಿಯುತ್ತೀರಿ. ಉಪ್ಪು, ಸಕ್ಕರೆ ಎರಡೂ ಕೋಸಿನೊಳಗಿನ ನೀರನ್ನು ಹೊರಗೆಳೆಯುತ್ತವೆ. ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕು ಅಂತ ನಿಮ್ಮಮ್ಮ ಹೇಳಿಕೊಟ್ಟಿಲ್ವಾ? ಕಾರಣ ಇದೇ. ಕೋಸಂಬರಿ ಕಲಸಿದ ಕೂಡಲೇ ಎಲೆಗೆ ಹೋಗುತ್ತದೆ, ಹಾಗಾಗಿ ಉಪ್ಪು ಕೊನೆಗೆ. ಕೋಲ್‌ಸ್ಲಾ ಗಂಟೆಗಟ್ಟಲೆ ಕಾದು ಕೂರಬೇಕು, ಹಾಗಾಗಿ ಉಪ್ಪು ಎಲ್ಲಕ್ಕಿಂತ ಮೊದಲು. ನೀರು ಹೇಗೂ ಬಿಡುತ್ತದೆ. ಅದು ಸಿಂಕಿನಲ್ಲಿ ಬಿಡಲಿ, ಪಾತ್ರೆಯಲ್ಲಿ ಬೇಡ.

ಕೋಸು ಆರಿಸುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಗಾತ್ರಕ್ಕಿಂತ ತೂಕ ಜಾಸ್ತಿ ಅನ್ನಿಸಬೇಕು, ಒತ್ತಿದರೆ ಗಟ್ಟಿಯಾಗಿರಬೇಕು. ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಹೆಚ್ಚಿದ ಕೋಸು ತರಬೇಡಿ, ಅದರ ತುದಿಗಳು ಒಣಗಿ ಹೋಗಿರುತ್ತವೆ. ಉದ್ದನೆಯ ಚೀನೀ ಕೋಸು, ಅದೇ ನಾಪಾ ಕೋಸೂ ಬೇಡ, ಅದು ತೀರಾ ಮೆತ್ತಗೆ. ಊರಲ್ಲಿದ್ದು ಇದನ್ನು ಮಾಡುವವರಿಗೆ ಒಂದು ಮಾತು: ಹಸಿಯಾಗಿ ತಿನ್ನುವ ಕೋಸು ಅಂದಮೇಲೆ ಸೋಮಾರಿತನ ನಡೆಯೋದಿಲ್ಲ. ಹೊರಗಿನ ಮೂರ್ನಾಲ್ಕು ಎಲೆ ಕಿತ್ತು ಬಿಸಾಡಿ. ಉಳಿದದ್ದನ್ನು ಎಲೆ ಎಲೆಯಾಗಿ ಬಿಡಿಸಿ, ಹರಿಯುವ ನೀರಿನಲ್ಲಿ ಎರಡೂ ಕಡೆ ಉಜ್ಜಿ ತೊಳೆಯಿರಿ. ಉಪ್ಪು ಅರಿಶಿನದ ನೀರಿನಲ್ಲಿ ನೆನೆಸಿದರೆ ಹುಳು ಇದ್ದರೆ ಮೇಲೆ ಬರುತ್ತದೆ, ಸರಿ. ಆದರೆ ಕಣ್ಣಿಗೆ ಕಾಣದ ಕೊಳೆ ಹೋಗುವುದು ತಿಕ್ಕಿ ತೊಳೆದಾಗಲೇ.

ಹೆಚ್ಚುವುದು ಕೈಯಿಂದ. ತುರಿಮಣೆಯಲ್ಲಿ ಉಜ್ಜಿದರೆ ಕೋಸು ಜಜ್ಜಿ ಹೋಗಿ ಗಂಜಿಯಾಗುತ್ತದೆ. ಇಡೀ ಕೋಸಾದರೆ ನಾಲ್ಕು ಭಾಗ ಮಾಡಿ, ದಿಂಡು ತೆಗೆದು, ಎಲೆ ಬಿಡಿಸಿದ್ದಾದರೆ ಒಂದರ ಮೇಲೊಂದು ಜೋಡಿಸಿ, ನಾರಿಗೆ ಅಡ್ಡವಾಗಿ ಸಣ್ಣ ಎಳೆಯಾಗಿ ಹೆಚ್ಚಿ. ನನಗೆ ಈಗಲೂ ಈಳಿಗೆ ಮಣೆಯೇ ಬೇಕು. ಹಾಸನದಿಂದ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದದ್ದು. ಅದರಲ್ಲಿ ಬರುವ ಎಳೆಯ ನಯ ಯಾವ ಚಾಕುವಿಗೂ ಬರೋದಿಲ್ಲ. ಚಾಕು ಹಿಡಿಯುವವರು ಹರಿತವಾದದ್ದನ್ನು ಹಿಡಿಯಿರಿ, ಅಷ್ಟೇ. ಹಾಂ, ಹೆಚ್ಚುವ ಮರದ ಹಲಗೆಯನ್ನು ದಯವಿಟ್ಟು ಡಿಶ್‌ವಾಷರಿಗೆ ತುರುಕಬೇಡಿ. ನಮ್ಮ ಮನೆಯಲ್ಲೂ ಒಬ್ಬರು ಹೀಗೆ ಮಾಡಿ ಒಳ್ಳೆಯ ಹಲಗೆ ಮಧ್ಯಕ್ಕೆ ಸೀಳಿತು. ಕೈಯಲ್ಲಿ ತೊಳೆದು, ಒರೆಸಿ, ನಿಲ್ಲಿಸಿ ಒಣಗಿಸಿ. ಅಡುಗೆ ಎಣ್ಣೆ ಸವರಿದರೆ ಕಮಟು ವಾಸನೆ ಹಿಡಿಯುತ್ತದೆ, ಔಷಧಿ ಅಂಗಡಿಯ ಮಿನರಲ್ ಆಯಿಲ್ ಸವರಿ.

ಸಣ್ಣಗೆ ಹೆಚ್ಚಬೇಕು ಅನ್ನೋದು ನನ್ನ ಹಟ ಅಂದುಕೊಳ್ಳಬೇಡಿ. 1749ರಲ್ಲಿ ಪೀಟರ್ ಕಾಲ್ಮ್ ಅನ್ನೋ ಸ್ವೀಡನ್ ಕಡೆಯ ಸಸ್ಯಶಾಸ್ತ್ರಜ್ಞ ನ್ಯೂಯಾರ್ಕಿನ ಆಲ್ಬನಿಯಲ್ಲಿ ಒಂದು ಡಚ್ ಮನೆಯಲ್ಲಿ ಉಳಿದುಕೊಂಡಿದ್ದ. ಆ ಮನೆಯಾಕೆ ಮಾಡಿಕೊಟ್ಟ ಕೋಸಿನ ಸಲಾಡ್ ತಿಂದು, ಮೆಚ್ಚಿ, ಬರೆದಿಟ್ಟ. ಒಳಗಿನ ಎಲೆಗಳು ಮಾತ್ರ, ಉದ್ದುದ್ದ ತೆಳು ಎಳೆ, ಮೇಲೆ ಎಣ್ಣೆ, ವಿನೆಗರ್, ಉಪ್ಪು, ಒಂದಿಷ್ಟು ಮೆಣಸು. ಎಷ್ಟೋ ಸಲ ಎಣ್ಣೆಯ ಬದಲು ಕರಗಿಸಿದ ಬೆಣ್ಣೆ. ಮೇಯನೇಸ್ ಸುದ್ದಿಯೇ ಇಲ್ಲ ನೋಡಿ. ಮೇಯನೇಸ್ ಇಲ್ಲದಿದ್ದರೆ ಕೋಲ್‌ಸ್ಲಾ ಆಗೋದಿಲ್ಲ ಅಂತ ನನ್ನ ಹತ್ತಿರ ವಾದ ಮಾಡುವವರಿಗೆ ನಾನು ಈ ಕಥೆಯನ್ನೇ ಹೇಳೋದು.

ಈಗ ಮುಖ್ಯ ಕೆಲಸ. ಇದನ್ನು ಗಮನ ಇಟ್ಟು ಓದಿ, ಎಲ್ಲರೂ ಹಾರಿಸೋದು ಇದನ್ನೇ.

ಹೆಚ್ಚಿದ ಕೋಸನ್ನು ಅಗಲವಾದ ಪಾತ್ರೆಗೆ ಹಾಕಿ. ಆಳದ ಪಾತ್ರೆ ಬೇಡ, ಕೈ ಆಡಬೇಕು. ಪುಡಿ ಉಪ್ಪು ಉದುರಿಸಿ. ಪಲ್ಯಕ್ಕೆ ಹಾಕುವುದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಲಿ, ಅರ್ಧ ಹೇಗೂ ನೀರಿನ ಜೊತೆ ಹೋಗುತ್ತದೆ. ಒಂದು ಚಿಟಿಕೆ ಸಕ್ಕರೆಯೂ ಬೀಳಲಿ. ಬೆರಳು ಬಿಡಿಸಿಕೊಂಡು, ಎಳೆ ಎಳೆಗೂ ತಾಗುವ ಹಾಗೆ ಕೆಳಗಿಂದ ಮೇಲಕ್ಕೆ ಎತ್ತಿ ಎತ್ತಿ ಕಲಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ! ನಾದಿದರೆ ಎಳೆ ಮುರಿದು, ಆಮೇಲೆ ತಿನ್ನುವಾಗ ಕರುಕುರು ಅನ್ನೋದಿಲ್ಲ. ಕಲಸಿದ್ದನ್ನು ತೂತಿನ ಪಾತ್ರೆಗೆ ಸುರಿದು, ಕೆಳಗೊಂದು ಬೋಗುಣಿ ಇಟ್ಟು, ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಭಾರ. ನಾನು ಒರಳಿನ ಪುಟ್ಟ ಗುಂಡನ್ನೇ ಇಡುತ್ತೇನೆ. ನಿಮ್ಮ ಹತ್ತಿರ ಅದೆಲ್ಲಿ, ಬೇಳೆ ಡಬ್ಬ ಇಡಿ.

ಒಂದು ಗಂಟೆ ಆ ಕಡೆ ತಿರುಗಿಯೂ ನೋಡಬೇಡಿ. ಸೆಖೆ ಇದ್ದರೆ ಸ್ವಲ್ಪ ಬೇಗ, ಚಳಿಗಾಲದಲ್ಲಿ ನಿಧಾನ. ಗಡಿಯಾರಕ್ಕಿಂತ ಬೆರಳನ್ನು ನಂಬಿ. ಒಂದು ಎಳೆ ತೆಗೆದು ತೋರುಬೆರಳಿಗೆ ಉಂಗುರದಂತೆ ಸುತ್ತಿ ನೋಡಿ. ಮುರಿದರೆ ಇನ್ನೂ ಆಗಿಲ್ಲ. ಮುರಿಯದೆ ಸುತ್ತಿಕೊಂಡು, ಕಚ್ಚಿದಾಗ ಮಾತ್ರ ಕರಕ್ ಅಂದರೆ ಆಯಿತು. ಬೋಗುಣಿಯಲ್ಲಿ ಎಷ್ಟು ನೀರು ಬಿದ್ದಿದೆ ಅಂತ ಒಮ್ಮೆ ಮನೆಯವರಿಗೆಲ್ಲ ತೋರಿಸಿ. ಅಷ್ಟೂ ನಿಮ್ಮ ಮೇಯನೇಸ್‌ಗೆ ಸೇರುತ್ತಿತ್ತು. ಆ ನೀರನ್ನು ಗಿಡಕ್ಕೆ ಹಾಕಬೇಡಿ, ಉಪ್ಪಿಗೆ ಗಿಡ ಸುಟ್ಟು ಹೋಗುತ್ತದೆ.

ಈಗ ರುಚಿ ನೋಡಿ. ಉಪ್ಪಾದರೆ ಐಸ್ ಹಾಕಿದ ತಣ್ಣೀರಿನಲ್ಲಿ ಒಂದು ಸಲ ಆಡಿಸಿ ತೆಗೆಯಿರಿ. ನೆನೆಹಾಕಬೇಡಿ, ಕುಡಿದ ನೀರನ್ನು ಅದು ಮತ್ತೆ ಕಕ್ಕುತ್ತದೆ. ಆಮೇಲೆ ಬಟ್ಟೆ. ತೊಳೆದು ತೊಳೆದು ಮೆತ್ತಗಾದ ಹಳೆಯ ಪಂಚೆಯ ತುಂಡು ಇದಕ್ಕೆ ಶ್ರೇಷ್ಠ. ಪೇಪರ್ ಟವೆಲ್ ಹರಿದು ಕೋಸಿಗೆ ಮೆತ್ತಿಕೊಳ್ಳುತ್ತದೆ. ಡ್ರೈಯರಿನಲ್ಲಿ ಸುವಾಸನೆಯ ಹಾಳೆ ಹಾಕಿ ಒಣಗಿಸಿದ ಬಟ್ಟೆಯಂತೂ ಬೇಡವೇ ಬೇಡ, ಕೋಲ್‌ಸ್ಲಾ ಲ್ಯಾವೆಂಡರ್ ನಾತ ಹೊಡೆಯುತ್ತದೆ. ಈ ಕೆಲಸದ ಬಟ್ಟೆಯನ್ನು ಬೇರೆ ಇಟ್ಟುಕೊಂಡು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಹಿಂಡುವಾಗ ಒಂದೊಂದು ಹಿಡಿ ಮಾತ್ರ. ಇಡೀ ಕೋಸನ್ನು ಒಟ್ಟಿಗೆ ಕಟ್ಟಿ ತಿರುಚಿದರೆ ಹೊರಗಿನದು ಜಜ್ಜುತ್ತದೆ, ಒಳಗಿನದು ಹಾಗೇ ಉಳಿಯುತ್ತದೆ. ಅಂಗೈಯಲ್ಲಿ ಬಟ್ಟೆಯ ಉಂಡೆ ಹಿಡಿದು, ಮುಷ್ಟಿ ಬಿಗಿ ಮಾಡುತ್ತಾ, ಹನಿ ನಿಲ್ಲುವವರೆಗೆ ಒತ್ತಿ.

ನಮ್ಮಮ್ಮ ಹಾಗಲಕಾಯಿ ಗೊಜ್ಜಿಗೆ ಹೀಗೇ ಮಾಡುತ್ತಿದ್ದರು. ಬಿಲ್ಲೆಗಳಿಗೆ ಉಪ್ಪು ಸವರಿಟ್ಟು, ಸ್ನಾನ ಪೂಜೆ ಮುಗಿಸಿ ಬಂದು, ಹಿಡಿ ಹಿಡಿಯಾಗಿ ಹಿಂಡಿ ಆ ಕಹಿ ನೀರು ಚೆಲ್ಲುತ್ತಿದ್ದರು. ನನಗೆ ಅವಸರ, ಎರಡು ಸಲ ಒತ್ತಿ ಎದ್ದು ಹೋಗುವವಳು. ಅವರು ಹಿಂದಿನಿಂದ ಬಂದು ಅದೇ ಉಂಡೆ ತೆಗೆದುಕೊಂಡು ಇನ್ನೂ ಅಷ್ಟೇ ನೀರು ತೆಗೆಯುತ್ತಿದ್ದರು, ಒಂದು ಮಾತೂ ಆಡದೆ. ಬೈದಿದ್ದರೆ ವಾಸಿಯಿತ್ತು. ಕೋಲ್‌ಸ್ಲಾ ಅಂದರೆ ಏನು ಅಂತಲೇ ಅವರಿಗೆ ಗೊತ್ತಿರಲಿಲ್ಲ. ಆದರೆ ಅದಕ್ಕೆ ಬೇಕಾದ ಕೈ ಅವರದ್ದು.

ಹಿಂಡಿದ ಉಂಡೆಗಳನ್ನು ಬೆರಳಿನಿಂದ ಉದುರು ಮಾಡಿ ಫ್ರಿಡ್ಜಿನಲ್ಲಿಡಿ. ರಾತ್ರಿಯೇ ಇಷ್ಟು ಮಾಡಿಟ್ಟರೂ ಸರಿ. ಇಲ್ಲಿಗೆ ಮುಕ್ಕಾಲು ಪಾಲು ಅಡುಗೆ ಮುಗಿಯಿತು, ಉಳಿದದ್ದು ನಿಮ್ಮ ನಿಮ್ಮ ನಾಲಿಗೆ.

ಬಿಳಿಯದ್ದು ಬೇಕಾದರೆ ಮೇಯನೇಸ್, ಒಂದಿಷ್ಟು ವಿನೆಗರ್, ಸಾಸಿವೆ ಸಾಸ್, ಸಕ್ಕರೆ, ಕರಿಮೆಣಸಿನ ಪುಡಿ, ಸೆಲರಿ ಬೀಜ. ಈ ಸೆಲರಿ ಬೀಜ ಸಿಗಲಿಲ್ಲ ಅಂತ ಓಮ ಹಾಕುವವರನ್ನು ನೋಡಿದ್ದೇನೆ. ನೋಡಲು ಹಾಗೇ ಇದೆ, ಆದರೆ ಓಮದ ಘಾಟಿಗೆ ಬೇರೆಲ್ಲ ಸತ್ತು ಹೋಗುತ್ತದೆ. ಇಲ್ಲದಿದ್ದರೆ ಬಿಡಿ, ಬದಲಿ ಹುಡುಕಬೇಡಿ. ನಮ್ಮ ಅಕ್ಕಪಕ್ಕದವರೆಲ್ಲ ಡ್ಯೂಕ್ಸ್ ಮೇಯನೇಸ್ ಅಂದರೆ ಪ್ರಾಣ ಬಿಡುತ್ತಾರೆ. ಪಕ್ಕದ ಸೌತ್ ಕ್ಯಾರೊಲೈನಾದ ಗ್ರೀನ್‌ವಿಲ್‌ನಲ್ಲಿ ಯುಜೀನಿಯಾ ಡ್ಯೂಕ್ ಎಂಬಾಕೆ 1917ರಲ್ಲಿ ಸೈನಿಕರಿಗೆ ಸ್ಯಾಂಡ್‌ವಿಚ್ ಮಾಡಿ ಮಾರುತ್ತಾ ಶುರು ಮಾಡಿದ್ದು. ಅದರಲ್ಲಿ ಸಕ್ಕರೆ ಇಲ್ಲ, ಹಾಗಾಗಿ ಸಿಹಿ ನಿಮ್ಮ ಕೈಯಲ್ಲಿರುತ್ತದೆ. ಆದರೆ ಮೊಟ್ಟೆ ಇದೆ. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ, ಅದಕ್ಕೆ ನಾನು ಹಾಲಿನಲ್ಲಿ ಮಾಡುತ್ತೇನೆ. ಉದ್ದನೆಯ ಲೋಟಕ್ಕೆ ಫ್ರಿಡ್ಜಿನಿಂದ ತೆಗೆದ ಗಟ್ಟಿ ಹಾಲು, ಅದರ ಎರಡರಷ್ಟು ವಾಸನೆ ಇಲ್ಲದ ಎಣ್ಣೆ, ಉಪ್ಪು, ಸಾಸಿವೆ ಪುಡಿ. ಹ್ಯಾಂಡ್ ಬ್ಲೆಂಡರನ್ನು ತಳಕ್ಕೆ ಒತ್ತಿ ಹಿಡಿದು ಓಡಿಸಿ, ಗಟ್ಟಿಯಾಗುತ್ತಾ ಬಂದಾಗ ನಿಧಾನಕ್ಕೆ ಮೇಲೆತ್ತಿ. ಕೊನೆಗೆ ನಿಂಬೆರಸ ಬಿದ್ದರೆ ಇನ್ನೂ ಬಿಗಿಯುತ್ತದೆ. ಮೇಯನೇಸ್ ಯಾವುದೇ ಆಗಲಿ, ಕೋಸಿಗೆ ಸವರಿದ ಹಾಗಿರಬೇಕು. ನೀರು ತೆಗೆದ ಕೋಸಿಗೆ ಅರ್ಧ ಮೇಯನೇಸ್ ಸಾಕು, ದುಡ್ಡೂ ಉಳಿಯಿತು.

ನನಗೆ ಇಷ್ಟವಾದದ್ದು ಕೆಂಪು ಸ್ಲಾ. ಇದೇ ರಾಜ್ಯದ ಲೆಕ್ಸಿಂಗ್ಟನ್ ಊರಿನದ್ದು. ಅಲ್ಲಿಯ ಬಾರ್ಬೆಕ್ಯೂ ಹೋಟೆಲುಗಳಲ್ಲಿ ಹಂದಿ ಮಾಂಸದ ಜೊತೆಗೆ ಕೊಡುತ್ತಾರೆ. ನಮಗೆ ಮಾಂಸ ಬೇಡ, ಸ್ಲಾ ಸಾಕು. ಅಲ್ಲಿ ಮೇಯನೇಸ್ ಹತ್ತಿರಕ್ಕೂ ಸೇರಿಸೋದಿಲ್ಲ. ಕೆಚಪ್, ವಿನೆಗರ್, ಸಕ್ಕರೆ, ಕರಿಮೆಣಸು, ಕುಟ್ಟಿದ ಒಣಮೆಣಸಿನಕಾಯಿ, ಅಷ್ಟೇ. ಇದಕ್ಕೆ ಮಾತ್ರ ಕೋಸನ್ನು ಎಳೆಯಾಗಿ ಬೇಡ, ಕೊಚ್ಚಿ ತರಿ ತರಿಯಾಗಿ ಮಾಡಿ. ಹುಳಿ, ಸಿಹಿ, ಖಾರ ಮೂರೂ ಇರುವುದರಿಂದ ನಮ್ಮವರ ನಾಲಿಗೆಗೆ ಬೇಗ ಒಗ್ಗುತ್ತದೆ. ಅಕ್ಕಿ ರೊಟ್ಟಿ ಜೊತೆ ಒಮ್ಮೆ ತಿಂದು ನೋಡಿ, ಆಮೇಲೆ ಮಾತಾಡಿ.

ಟೆನೆಸ್ಸಿ ರಾಜ್ಯದ ಮೆಂಫಿಸ್ ಕಡೆ ಹಳದಿ ಸಾಸಿವೆ ಸಾಸ್ ಧಾರಾಳವಾಗಿ ಹಾಕುತ್ತಾರೆ. ಚೆನ್ನಾಗಿರುತ್ತದೆ, ಆದರೆ ಮಕ್ಕಳು ಮುಟ್ಟೋದಿಲ್ಲ. ಇನ್ನೊಂದು, ವಿನೆಗರ್, ಸಕ್ಕರೆ, ಎಣ್ಣೆ ಕುದಿಸಿ ಬಿಸಿಬಿಸಿಯಾಗಿ ಕೋಸಿನ ಮೇಲೆ ಸುರಿದು ರಾತ್ರಿಯಿಡೀ ಫ್ರಿಡ್ಜಿನಲ್ಲಿಡುವುದು. ಅದು ದಿನಗಟ್ಟಲೆ ಇರುತ್ತದೆ, ನಮ್ಮ ಉಪ್ಪಿನಕಾಯಿ ಜಾತಿಗೆ ಸೇರಿದ್ದು. ಇನ್ನು ಮೊಸರು ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು "ಇಂಡಿಯನ್ ಕೋಲ್‌ಸ್ಲಾ" ಅಂತ ತರುತ್ತಾರಲ್ಲ, ಅದು ಮೊಸರು ಬಜ್ಜಿ. ಮೊಸರು ಬಜ್ಜಿ ಅಂತಲೇ ಹೇಳಿ ತನ್ನಿ, ಎರಡು ಸಲ ಬಡಿಸಿಕೊಂಡು ತಿನ್ನುತ್ತೇನೆ.

ಕ್ಯಾರೆಟ್ ತುರಿದು ಹಾಕಬಹುದು, ಬಣ್ಣಕ್ಕೆ. ಈರುಳ್ಳಿ ಹಾಕುವುದಾದರೆ ಮೊದಲು ವಿನೆಗರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಇಲ್ಲದಿದ್ದರೆ ಸಂಜೆ ಹೊತ್ತಿಗೆ ಪಾತ್ರೆಯೆಲ್ಲ ಈರುಳ್ಳಿಯೇ ಆಗುತ್ತದೆ. ನೇರಳೆ ಕೋಸು ಹಾಕಿದರೆ ಹುಳಿ ಕಡಿಮೆಯಾಗಬಾರದು. ಹುಳಿ ಸಿಕ್ಕರೆ ಗುಲಾಬಿ ಬಣ್ಣ, ಗಡಸು ನೀರಿನಲ್ಲಿ ತೊಳೆದು ಹಾಗೇ ಬಿಟ್ಟರೆ ಮಸಿ ಚೆಲ್ಲಿದ ನೀಲಿ. ಅದನ್ನು ಬೇರೆಯಾಗಿಯೇ ಉಪ್ಪು ಹಾಕಿ ಹಿಂಡಿ, ಕೊನೆಗೆ ಸೇರಿಸಿ. ಒಣದ್ರಾಕ್ಷಿ ಹಾಕುವವರ ಜೊತೆ ನನಗೆ ಮಾತಿಲ್ಲ.

ಪಾರ್ಕಿಗೆ ಒಯ್ಯುವಾಗ ಕೋಸು ಬೇರೆ, ಕಲಸುವ ಸಾಸ್ ಬೇರೆ ಡಬ್ಬದಲ್ಲಿರಲಿ. ಅಲ್ಲಿ ಹೋಗಿ ಕಲಸಿ, ಪಾತ್ರೆಯನ್ನು ಐಸಿನ ತಟ್ಟೆಯ ಮೇಲಿಡಿ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು ಅಂತ ಇಲ್ಲಿಯ ನಿಯಮ. ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಅಂದರೆ ನಮ್ಮ ಲೆಕ್ಕದಲ್ಲಿ 32 ಡಿಗ್ರಿ, ಒಂದೇ ಗಂಟೆ. ಜುಲೈ ತಿಂಗಳಲ್ಲಿ ಇಲ್ಲಿ ದಿನವೂ ಹೆಚ್ಚುಕಡಿಮೆ ಅಷ್ಟಿರುತ್ತದೆ. ಬಿಸಿಲಲ್ಲಿ ಕೂತ ಬಿಳಿ ಕೋಲ್‌ಸ್ಲಾವನ್ನು "ಪಾಪ, ದಂಡ ಆಗುತ್ತೆ" ಅಂತ ಮನೆಗೆ ವಾಪಸ್ ತರಬೇಡಿ, ಅಲ್ಲೇ ಚೆಲ್ಲಿ.

ಫ್ರಿಡ್ಜಿನಲ್ಲೇ ಉಳಿದ ಕೆಂಪು ಸ್ಲಾ ಇದ್ದರೆ ದಂಡವೇ ಇಲ್ಲ. ಹಿಂಡಿ ತೆಗೆದು, ಅಕ್ಕಿ ಹಿಟ್ಟು, ಜೀರಿಗೆ, ಕೊತ್ತಂಬರಿ ಸೊಪ್ಪು ಸೇರಿಸಿ ರೊಟ್ಟಿ ತಟ್ಟಿ. ಉಪ್ಪು ಮಾತ್ರ ಹಿಟ್ಟು ನಾಲಿಗೆಗೆ ಹಚ್ಚಿ ನೋಡಿಯೇ ಹಾಕಿ, ಕೋಸಿನಲ್ಲಿ ಆಗಲೇ ಇದೆ. ಸಕ್ಕರೆ ಇರುವುದರಿಂದ ಕಾವಲಿಯ ಮೇಲೆ ಬೇಗ ಕಂದುತ್ತದೆ. ಉರಿ ಸಣ್ಣಗಿರಲಿ, ಫೋನ್ ಹಿಡಿದುಕೊಂಡು ಆ ಕಡೆ ಹೋಗಬೇಡಿ.