ಐಸ್ ಪ್ಲ್ಯಾಂಟಿನ ಸೋಲಾರಿಗೂ ಜನರೇಟರಿಗೂ ನಡುವೆ ಒಂದು ಗೇಟ್‌ವೇ: ನನ್ನ ಅನುಭವ

ಸೋಲಾರ್ ಹಾಕಿಸುವವರು ಮೊದಲು ಕೇಳುವುದು, ಕರೆಂಟ್ ಹೋದಾಗ ಇದು ಕೆಲಸ ಮಾಡುತ್ತದಾ ಎಂದು. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ, ಅಂದರೆ ವಿದ್ಯುತ್ ಕಂಪೆನಿಯ ಲೈನಿಗೆ, ಜೋಡಿಸಿದ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಎಸಿ ಮಾಡುವ ಯಂತ್ರ) ಆದರೆ ಮಾಡುವುದಿಲ್ಲ, ಮಾಡಲೂಬಾರದು. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಚಾವಣಿಯ ಕರೆಂಟ್ ಹೊಡೆಯಬಾರದಲ್ಲ. ಇಷ್ಟು ನಮ್ಮ ಕೆಲಸದವರಿಗೆಲ್ಲ ಗೊತ್ತು. ಆದರೆ ಜನರೇಟರ್ ಇರುವ ಕಡೆ ಸಂಗತಿ ಬೇರೆ. ಇಲ್ಲಿನ ವಿದ್ಯುತ್ ಕಂಪೆನಿ ಮೆಸ್ಕಾಂನ ಕರೆಂಟ್ ಹೋಯಿತು, ಇನ್ವರ್ಟರ್ ನಿಂತಿತು. ಅಷ್ಟರಲ್ಲಿ ಜನರೇಟರ್ ಶುರುವಾಗಿ ಅದೇ ಬಸ್‌ಬಾರಿಗೆ (ಎಲ್ಲ ಲೈನುಗಳೂ ಸೇರುವ ಲೋಹದ ಪಟ್ಟಿಗೆ) 50 ಹರ್ಟ್ಸ್‌ನ ವೋಲ್ಟೇಜ್ ಕೊಟ್ಟಿತು. ಇನ್ವರ್ಟರ್‌ಗೆ ಅದು ಜನರೇಟರೋ ಗ್ರಿಡ್ಡೋ ತಿಳಿಯುವುದಿಲ್ಲ. ಗ್ರಿಡ್ ಬಂತೆಂದು ತಿಳಿದು ತನ್ನ ಪೂರ್ತಿ ಶಕ್ತಿಯನ್ನು ಸುರಿಯಲು ಹೊರಡುತ್ತದೆ.

ಗ್ರಿಡ್ಡಾದರೆ ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತದೆ. ಜನರೇಟರ್ ಹಾಗಲ್ಲ. ಡೀಸೆಲ್ ಇಂಜಿನನ್ನು ಅದರ ಸಾಮರ್ಥ್ಯದ ಸುಮಾರು 30 ಶೇಕಡಕ್ಕಿಂತ ಕಡಿಮೆ ಲೋಡಿನಲ್ಲಿ ಹೊತ್ತುಗಟ್ಟಲೆ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಕಪ್ಪು ಎಣ್ಣೆ ಇಳಿಯುತ್ತದೆ. ಸೋಲಾರ್ ಇನ್ನೂ ಹೆಚ್ಚಾದರೆ ಕರೆಂಟ್ ಜನರೇಟರಿನಲ್ಲಿ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರಿನ ಒಳಗೇ ತಿರುಗಿ ಹರಿದು ಇಂಜಿನನ್ನೇ ದೂಡುತ್ತದೆ. ಇವೆರಡರ ನಡುವೆ ಮಾತು ನಡೆಸಲಿಕ್ಕೆ ಗೇಟ್‌ವೇ ಬೇಕು: ಜನರೇಟರಿನ ಲೋಡ್ ಓದಿ, ಇಷ್ಟಕ್ಕಿಂತ ಹೆಚ್ಚು ಕೊಡಬೇಡ ಎಂದು ಇನ್ವರ್ಟರಿಗೆ ಮಿತಿ ಹೇಳುವ ಪುಟ್ಟ ಕಂಪ್ಯೂಟರ್. ಮಲ್ಪೆ ಬಂದರಿನ ಹತ್ತಿರದ ಒಂದು ಐಸ್ ಪ್ಲ್ಯಾಂಟಿನಲ್ಲಿ ಅದನ್ನು ಹೇಗೆ ಕೂರಿಸಿದೆವು ಎಂಬುದನ್ನು ಬರೆಯುತ್ತಿದ್ದೇನೆ.

ಅಲ್ಲಿದ್ದದ್ದು 50 ಕಿಲೋವ್ಯಾಟಿನ ಎರಡು ಇನ್ವರ್ಟರ್ ಮತ್ತು 160 ಕೆವಿಎ ಜನರೇಟರ್. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8 ಹಿಡಿದರೆ ಜನರೇಟರ್ 128 ಕಿಲೋವ್ಯಾಟ್. ಅದರ 30 ಶೇಕಡ ಎಂದರೆ ಸುಮಾರು 38. ಮೀನುಗಾರಿಕೆಯ ದಿನಗಳಲ್ಲಿ ಕಂಪ್ರೆಸರ್‌ಗಳು ಒಟ್ಟಿಗೆ ಓಡುವಾಗ ಪ್ಲ್ಯಾಂಟಿನ ಲೋಡ್ 110 ಕಿಲೋವ್ಯಾಟ್ ಮುಟ್ಟುತ್ತದೆ. ಆಗ ಕರೆಂಟ್ ಹೋದರೆ ಜನರೇಟರಿಗೆ 38 ಬಿಟ್ಟು ಸೋಲಾರಿಗೆ 72 ಕಿಲೋವ್ಯಾಟ್ ಜಾಗ ಉಂಟು. ಡೀಸೆಲ್ ಉಳಿತಾಯ ಆಗುವುದು ಇಲ್ಲೇ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ, ಐಸಿಗೆ ಕೇಳುವವರಿಲ್ಲ, ಲೋಡ್ 45ಕ್ಕೆ ಇಳಿಯುತ್ತದೆ. ಆಗ ಸೋಲಾರಿಗೆ ಸಿಗುವ ಜಾಗ ಬರೀ 7 ಕಿಲೋವ್ಯಾಟ್. ಕರೆಂಟ್ ಹೆಚ್ಚು ಹೋಗುವುದೂ ಅದೇ ಎರಡು ತಿಂಗಳಲ್ಲಿ. ಮಳೆಗಾಲದಲ್ಲಿ ಬಿಸಿಲೆಲ್ಲಿ ಎನ್ನಬೇಡಿ. ಒಂದು ಮಳೆ ಹೊಡೆದು ಮೋಡ ಸರಿದ ಕೂಡಲೇ ಬೀಳುವ ಬಿಸಿಲಿಗೆ ಇನ್ವರ್ಟರ್ ನೋಡುನೋಡುತ್ತಿದ್ದಂತೆ 60, 70 ಕಿಲೋವ್ಯಾಟಿಗೆ ಏರುವುದನ್ನು ಡಿಸ್‌ಪ್ಲೇಯಲ್ಲೇ ಕಂಡಿದ್ದೇನೆ. ಆದ್ದರಿಂದ ಲೆಕ್ಕವನ್ನೆಲ್ಲ ನಿಷೇಧದ ತಿಂಗಳುಗಳನ್ನು ಕಣ್ಣಮುಂದೆ ಇಟ್ಟುಕೊಂಡೇ ಮಾಡಿದೆವು.

ಇನ್ವರ್ಟರ್, ಮೀಟರ್ ಎಲ್ಲ ಮಾತಾಡುವುದು ಮಾಡ್‌ಬಸ್‌ನಲ್ಲಿ. 1979ರಲ್ಲಿ ಮಾಡಿಕಾನ್ ಕಂಪೆನಿ ತನ್ನ ಪಿಎಲ್‌ಸಿಗಳಿಗಾಗಿ (ಕಾರ್ಖಾನೆಯ ಯಂತ್ರ ನಡೆಸುವ ಕಂಪ್ಯೂಟರುಗಳಿಗಾಗಿ) ಮಾಡಿದ ಪ್ರೋಟೋಕಾಲ್, ಅಂದರೆ ಯಂತ್ರಗಳು ಮಾತಾಡುವ ಕ್ರಮ, ಇದು. ಇವತ್ತಿಗೂ ಬದುಕಿರುವುದು ಅದರ ಸರಳತೆಯಿಂದ: ಇಂಥ ವಿಳಾಸದ ಯಂತ್ರ, ಇಂಥ ರಿಜಿಸ್ಟರ್ (ಒಂದು ಸಂಖ್ಯೆ ಇಡುವ ಮನೆ), ಓದು ಅಥವಾ ಬರೆ, ಅಷ್ಟೇ. ಯಾವ ರಿಜಿಸ್ಟರಿನಲ್ಲಿ ಏನಿದೆ ಎಂಬುದು ಮಾತ್ರ ಒಬ್ಬೊಬ್ಬ ತಯಾರಕರದ್ದು ಒಂದೊಂದು. ಇದಕ್ಕೆ ಪರಿಹಾರವಾಗಿ ಬಂದದ್ದು ಸನ್‌ಸ್ಪೆಕ್ ಎಂಬ ಸಾಮಾನ್ಯ ನಕ್ಷೆ. ಸಾಧಾರಣವಾಗಿ 40000ನೇ ವಿಳಾಸದಲ್ಲಿ ಗುರುತಿನ ನಾಲ್ಕು ಅಕ್ಷರ ಸಿಕ್ಕಿದರೆ ಅಲ್ಲಿಂದ ಮುಂದೆ ಮಾಡೆಲ್‌ಗಳ ಸಾಲು: 103 ಎಂದರೆ ತ್ರೀ ಫೇಸ್ ಇನ್ವರ್ಟರಿನ ಅಳತೆಗಳು, 123 ಎಂದರೆ ನಿಯಂತ್ರಣ. ಪವರ್ ಎಷ್ಟಕ್ಕೆ ಮಿತಿಗೊಳಿಸಬೇಕು ಎಂದು ಬರೆಯುವ ಜಾಗ ಈ 123ರಲ್ಲಿದೆ. ಅಳತೆಯ ಜೊತೆ ಅದರ ಸ್ಕೇಲ್ ಫ್ಯಾಕ್ಟರನ್ನೂ (ಅಳತೆಯನ್ನು ಹತ್ತರ ಎಷ್ಟನೇ ಘಾತದಿಂದ ಗುಣಿಸಬೇಕು ಎಂಬುದನ್ನೂ) ಒಂದೇ ವಿನಂತಿಯಲ್ಲಿ ಓದಬೇಕು. ಓಡುತ್ತಿರುವಾಗಲೇ ಸ್ಕೇಲ್ ಬದಲಿಸುವ ಇನ್ವರ್ಟರ್‌ಗಳಿವೆ; ಹಳೆಯ ಸ್ಕೇಲಿನಿಂದ ಗುಣಿಸಿದರೆ 45 ಕಿಲೋವ್ಯಾಟ್ ಒಮ್ಮೆಗೇ 450 ಎಂದು ತೋರುತ್ತದೆ.

ಮೀಟರ್‌ಗಳದ್ದು ಇನ್ನೊಂದು ರಗಳೆ. ದಶಾಂಶ ಸಂಖ್ಯೆಯನ್ನು ಎರಡು ರಿಜಿಸ್ಟರಿನಲ್ಲಿ ಇಡುವಾಗ ಯಾವುದು ಮೊದಲು ಯಾವುದು ನಂತರ ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ನಾನು ಯಾವ ಹೊಸ ಮೀಟರ್ ಕೈಗೆ ಬಂದರೂ ಮೊದಲು ಓದುವುದು ಫ್ರೀಕ್ವೆನ್ಸಿಯನ್ನು. ಉತ್ತರ 50ರ ಆಸುಪಾಸು ಎಂದು ಮೊದಲೇ ಗೊತ್ತಿರುವ ಪ್ರಶ್ನೆ ಅದೊಂದೇ. ಅದು ಸರಿಯಾಗಿ ಬಂದರೆ ಕ್ರಮ ಸರಿ ಎಂದು ಲೆಕ್ಕ, ಏನೇನೋ ಬಂದರೆ ಎರಡು ರಿಜಿಸ್ಟರನ್ನು ಅದಲುಬದಲು ಮಾಡುತ್ತೇನೆ.

ಇನ್ನು ವೇಗದ ಲೆಕ್ಕ. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) ಒಂದು ಬೈಟ್ ಹೋಗಲು ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು. 50 ರಿಜಿಸ್ಟರ್ ಓದಿದರೆ ಉತ್ತರವೊಂದಕ್ಕೇ 110 ಮಿಲಿಸೆಕೆಂಡ್, ಮೇಲೆ ಇನ್ವರ್ಟರ್ ಯೋಚಿಸುವ ಹೊತ್ತು ಬೇರೆ. ಎಲ್ಲವನ್ನೂ ಎಲ್ಲ ಸಲವೂ ಓದುತ್ತ ಕೂತರೆ ಸೆಕೆಂಡುಗಳು ಕಳೆಯುತ್ತವೆ. ಅದಕ್ಕೆ ಜನರೇಟರಿನ ಮೀಟರನ್ನು ಗೇಟ್‌ವೇಯ ಬೇರೆಯೇ ಪೋರ್ಟಿಗೆ ಒಂಟಿಯಾಗಿ ಕಟ್ಟಿ, ಕಿಲೋವ್ಯಾಟ್ ಒಂದನ್ನೇ ಪದೇ ಪದೇ ಓದಿಸಿದೆವು. ಯೂನಿಟ್ ಲೆಕ್ಕ, ಉಷ್ಣತೆ, ಸ್ಟ್ರಿಂಗ್ (ಪ್ಯಾನೆಲ್ ಸಾಲು) ಕರೆಂಟ್ ಎಲ್ಲ ನಿಮಿಷಕ್ಕೊಮ್ಮೆ ಸಾಕು. ಮಿತಿಯ ಆಜ್ಞೆಯನ್ನು ಸೊನ್ನೆ ವಿಳಾಸಕ್ಕೆ ಬರೆದರೆ ಎರಡೂ ಇನ್ವರ್ಟರ್ ಒಟ್ಟಿಗೆ ಕೇಳಿಸಿಕೊಳ್ಳುತ್ತವೆ, ಆದರೆ ಯಾವುದೂ ಓಗೊಡುವುದಿಲ್ಲ. ಆದ್ದರಿಂದ ಬರೆದ ಮೇಲೆ ಒಂದೊಂದನ್ನೂ ಓದಿ ಖಾತರಿ ಮಾಡಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಮಿತಿಯ ರಿಜಿಸ್ಟರನ್ನು ಅಳಿಯದ ಮೆಮೊರಿಯಲ್ಲಿ ಇಡುವ ಇನ್ವರ್ಟರ್‌ಗಳಿವೆ. ಅಂಥದ್ದಕ್ಕೆ ಸೆಕೆಂಡಿಗೊಮ್ಮೆ ಬರೆಯುತ್ತ ಹೋದರೆ ಆ ಮೆಮೊರಿಯೇ ಸವೆಯುತ್ತದೆ. ಮ್ಯಾನುವಲ್‌ನಲ್ಲಿ ಎಲ್ಲೋ ಮೂಲೆಯಲ್ಲಿ ಬರೆದಿರುತ್ತಾರೆ, ಹುಡುಕಿ ಓದಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಗೇಟ್‌ವೇ ಸರಿಯಾಗಿರುವಾಗ ಏನು ಮಾಡುತ್ತದೆ ಎಂದು ಎಲ್ಲರೂ ತೋರಿಸುತ್ತಾರೆ. ಅದು ಬಾಯಿ ಮುಚ್ಚಿದಾಗ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಸನ್‌ಸ್ಪೆಕ್‌ನ 123ನೇ ಮಾಡೆಲ್‌ನಲ್ಲಿ ಒಂದು ಟೈಮರ್ ಇದೆ. ಇಷ್ಟು ಸೆಕೆಂಡ್ ಹೊಸ ಆಜ್ಞೆ ಬರದಿದ್ದರೆ ಮಿತಿಯನ್ನು ಬಿಟ್ಟು ಮೊದಲಿನ ಸ್ಥಿತಿಗೆ ಮರಳು ಎನ್ನುವ ಟೈಮರ್. ಮೊದಲಿನ ಸ್ಥಿತಿ ಎಂದರೆ ಪೂರ್ತಿ ಪವರ್! ಗ್ರಿಡ್‌ನಲ್ಲಿ ಇದು ಸರಿ, ಸುಮ್ಮನೆ ಉತ್ಪಾದನೆ ಕಳೆದುಕೊಳ್ಳುವುದು ಬೇಡ. ಜನರೇಟರ್ ಇರುವಲ್ಲಿ ಇದರಷ್ಟು ಅಪಾಯದ ಸೆಟ್ಟಿಂಗ್ ಇನ್ನೊಂದಿಲ್ಲ. ಹೊಸ 704ನೇ ಮಾಡೆಲ್‌ನಲ್ಲಿ ಯಾವ ಮಿತಿಗೆ ಮರಳಬೇಕೆಂದು ನಾವೇ ಬರೆದಿಡಲು ಜಾಗ ಕೊಟ್ಟಿದ್ದಾರೆ. ನಮ್ಮ ಇನ್ವರ್ಟರ್ ಹಳೆಯ ನಕ್ಷೆಯದ್ದು.

ಸಂಪರ್ಕ ತಪ್ಪಿದರೆ ಇನ್ವರ್ಟರ್ ಪೂರ್ತಿ ನಿಲ್ಲುವಂತೆ ಮಾಡುವುದು ಇನ್ನೊಂದು ದಾರಿ. ಮಾಲೀಕರು ಅದಕ್ಕೆ ಒಪ್ಪಲಿಲ್ಲ. "ನಿಮ್ಮ ಡಬ್ಬ ಹಾಳಾದ್ರೆ ಕರೆಂಟ್ ಇರುವಾಗಲೂ ನನ್ನ ಸೋಲಾರ್ ನಿಲ್ಲುದಾ? ಅದು ಬೇಡ ಮಾರ್ರೆ, ಬೇರೆ ಎಂತಾದ್ರೂ ಉಪಾಯ ಮಾಡಿ" ಎಂದರು. ಅವರು ಹೇಳಿದ್ದು ನ್ಯಾಯವೇ. ಹಾಗಾಗಿ ಕೊನೆಯ ರಕ್ಷಣೆಯನ್ನು ಸಾಫ್ಟ್‌ವೇರಿನಿಂದ ತೆಗೆದು ತಂತಿಗೆ ತಂದೆವು.

ಸೋಲಾರಿನ ಎಸಿ ಲೈನಿಗೆ ಒಂದು ಕಾಂಟ್ಯಾಕ್ಟರ್, ಅಂದರೆ ಕಾಯಿಲಿಗೆ ಕರೆಂಟ್ ಇರುವ ತನಕ ಮಾತ್ರ ಮುಚ್ಚಿರುವ ಸ್ವಿಚ್. ಅದರ ಕಾಯಿಲಿಗೆ ಕರೆಂಟ್ ಹೋಗಲು ಎರಡು ದಾರಿ. ಒಂದು, ಚೇಂಜ್‌ಓವರ್ (ಮೆಸ್ಕಾಂ, ಜನರೇಟರ್ ನಡುವೆ ಬದಲಿಸುವ ಸ್ವಿಚ್) ಮೆಸ್ಕಾಂ ಕಡೆಗೆ ಇದ್ದಾಗ ಮುಚ್ಚುವ ಕಾಂಟ್ಯಾಕ್ಟ್. ಅದಕ್ಕೆ ಪ್ಯಾರಲಲ್ ಆಗಿ ಇನ್ನೊಂದು, ಗೇಟ್‌ವೇ ತಾನು ಸರಿಯಾಗಿದ್ದೇನೆ ಎಂದು ಎತ್ತಿ ಹಿಡಿಯುವ ರಿಲೇ. ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ, ಮೀಟರಿನಿಂದಲೋ ಇನ್ವರ್ಟರಿನಿಂದಲೋ ಉತ್ತರ ನಿಂತರೆ, ಗೇಟ್‌ವೇಗೇ ಕರೆಂಟ್ ಇಲ್ಲದಿದ್ದರೆ, ಈ ರಿಲೇ ಬೀಳುತ್ತದೆ. ಹೀಗೆ ಮೆಸ್ಕಾಂ ಕರೆಂಟ್ ಇರುವಾಗ ಗೇಟ್‌ವೇ ಸತ್ತರೂ ಸೋಲಾರ್ ನಡೆಯುತ್ತದೆ. ಜನರೇಟರಿನ ಮೇಲೆ ಇರುವಾಗ ಸತ್ತರೆ ಮಾತ್ರ ಕಳಚುತ್ತದೆ. ಎರಡು ದಾರಿಗೂ ಸೀರೀಸ್ ಆಗಿ ರಿವರ್ಸ್ ಪವರ್ ರಿಲೇ, ಅಂದರೆ ಕರೆಂಟ್ ಜನರೇಟರಿಗೆ ತಿರುಗಿ ಹರಿದರೆ ಬೀಳುವ ರಿಲೇ. ಏಕೆಂದರೆ ದೊಡ್ಡ ಕಂಪ್ರೆಸರ್ ಒಮ್ಮೆಗೇ ಟ್ರಿಪ್ ಆದರೆ ಇನ್ವರ್ಟರ್ ಮಿತಿಗೆ ಇಳಿಯುವಷ್ಟು ಪುರುಸೊತ್ತು ಇರುವುದಿಲ್ಲ.

ಗೇಟ್‌ವೇಗೆ ಜನರೇಟರ್ ಓಡುವ ಸುದ್ದಿಯೂ ನೆಟ್‌ವರ್ಕಿನಿಂದ ಬರುವುದಿಲ್ಲ. ಚೇಂಜ್‌ಓವರಿನಿಂದ ಎರಡು ತಂತಿ ಜೋಡಿ ತಂದೆವು, ಒಂದು ಮುಚ್ಚಿರುವಾಗ ಇನ್ನೊಂದು ತೆರೆದಿರಬೇಕು. ಎರಡೂ ಒಂದೇ ರೀತಿ ಕಂಡರೆ ತಂತಿ ತುಂಡಾಗಿದೆ ಎಂದರ್ಥ; ಆಗ ಜನರೇಟರ್ ಓಡುತ್ತಿದೆ ಎಂದೇ ತಿಳಿದು ಮಿತಿ ಇಳಿಸುತ್ತದೆ.

ನಮಗೆ ಅನುಕೂಲವಾದ ಒಂದು ಅಂಶವೂ ಇದೆ. ಗ್ರಿಡ್ ಏರುಪೇರಾಗಿ ಕಳಚಿಕೊಂಡ ಇನ್ವರ್ಟರ್, ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿ ಕನಿಷ್ಠ 60 ಸೆಕೆಂಡ್ ಸ್ಥಿರವಾಗಿರುವ ತನಕ ಮತ್ತೆ ಸೇರಬಾರದು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ ಹೇಳುತ್ತದೆ. ಜನರೇಟರ್ ಬಂದಾಗಲೂ ಇನ್ವರ್ಟರ್ ಅದೇ ನಿಯಮದಂತೆ ಕಾಯುತ್ತದೆ. ಆ ಒಂದು ನಿಮಿಷದಲ್ಲಿ ಮಿತಿ ಬರೆದು, ಓದಿ ನೋಡಿ, ಬೇಕಿದ್ದರೆ ಮತ್ತೆ ಬರೆಯಲು ಸಮಯ ಧಾರಾಳ. ಈ ಸೆಟ್ಟಿಂಗನ್ನು ಯಾರಾದರೂ ಬೇಗ ಉತ್ಪಾದನೆ ಆಗಲಿ ಎಂದು ಕಡಿಮೆ ಮಾಡಿಟ್ಟಿದ್ದಾರಾ ಎಂದು ನೋಡದೆ ನಾನು ಕೆಲಸ ಶುರು ಮಾಡುವುದಿಲ್ಲ.

ಪರೀಕ್ಷೆಯ ದಿನ ಮೇನ್ ಸ್ವಿಚ್ ಇಳಿಸಿ ಜನರೇಟರಿನ ಪಕ್ಕ ನಿಂತೆವು. ಹತ್ತಾರು ವರ್ಷ ಅದೇ ಇಂಜಿನ್ ನೋಡಿಕೊಂಡ ಆಪರೇಟರ್ ಅಣ್ಣ ಮೀಟರ್ ನೋಡಲೇ ಇಲ್ಲ, ಕಿವಿಗೊಟ್ಟು ನಿಂತಿದ್ದರು. ಸೋಲಾರ್ ಸೇರಿ ನಿಧಾನಕ್ಕೆ ಏರುತ್ತಿದ್ದಂತೆ ಇಂಜಿನ್ ಶಬ್ದ ಹಗುರಾಗುತ್ತ ಹೋಗಿ, ಒಂದು ಹಂತದಲ್ಲಿ ಸ್ಥಿರವಾಯಿತು. "ಇನ್ನು ಇಳಿಲಿಕ್ಕಿಲ್ಲ ಅಲ್ವಾ ಸರ್? ಇಷ್ಟು ಲೋಡ್ ಇದ್ರೆ ತೊಂದರೆ ಇಲ್ಲ" ಎಂದರು. ಮೀಟರಿನಲ್ಲಿ 39 ಇತ್ತು. ಆಮೇಲೆ ಗೇಟ್‌ವೇಯ ಮಾಡ್‌ಬಸ್ ತಂತಿಯನ್ನು ನಾನೇ ಎಳೆದು ತೆಗೆದೆ. ಕಾಂಟ್ಯಾಕ್ಟರ್ ಟಪ್ಪೆಂದು ಬಿತ್ತು, ಇಂಜಿನ್ ಮತ್ತೆ ಭಾರ ಎತ್ತಿಕೊಂಡಿತು. ಈ ಎರಡನೆಯ ಪರೀಕ್ಷೆಯನ್ನು ಮಾಲೀಕರ ಎದುರಿನಲ್ಲೇ ಮಾಡಬೇಕು ಎಂಬುದು ನನ್ನ ಹಟ.

ಕರಾವಳಿಯಲ್ಲಿ ಈ ಕೆಲಸ ಕೆಡುವುದು ಹೆಚ್ಚಾಗಿ ಪ್ರೋಗ್ರಾಮಿನಿಂದಲ್ಲ, ಸ್ಕ್ರೂವಿನಿಂದ. ಉಪ್ಪುಗಾಳಿಗೆ ತಾಮ್ರ ಹಸಿರು ಕಿಲುಬು ಹಿಡಿಯುವುದು ಇಲ್ಲಿನವರಿಗೆ ಹೊಸತಲ್ಲ. ಐಸ್ ಪ್ಲ್ಯಾಂಟಿನಲ್ಲಿ ಅದರ ಮೇಲೆ ಅಮೋನಿಯಾ. ತೇವದ ಜೊತೆ ಸೇರಿದ ಅಮೋನಿಯಾ ತಾಮ್ರ, ಹಿತ್ತಾಳೆ ಎರಡನ್ನೂ ತಿನ್ನುತ್ತದೆ. ಅದಕ್ಕೆ ಗೇಟ್‌ವೇ ಪೆಟ್ಟಿಗೆಯನ್ನು ಕಂಪ್ರೆಸರ್ ಕೋಣೆಯಿಂದ ಹೊರಗೆ, ಗಾಳಿ ಬರುವ ದಿಕ್ಕಿನ ಗೋಡೆಗೆ ಕಟ್ಟಿದೆವು. ತವರದ ಲೇಪವಿರುವ ತಂತಿ, ಕ್ರಿಂಪ್ ಮಾಡಿದ ತುದಿ, ಗ್ಲ್ಯಾಂಡ್ (ಕೇಬಲ್ ಒಳಹೋಗುವ ಬಿಗಿ ಮೂತಿ) ಎಲ್ಲ ಪೆಟ್ಟಿಗೆಯ ಕೆಳಗಿನಿಂದ. ಕೇಬಲ್ ಪೆಟ್ಟಿಗೆಗೆ ಹೋಗುವ ಮುಂಚೆ ಒಂದು ಸುತ್ತು ಕೆಳಗೆ ಇಳಿದು ಮೇಲೇರಬೇಕು, ಆಗ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಬಳಸದ ತೂತನ್ನು ಮುಚ್ಚದಿದ್ದರೆ ಇರುವೆ ಗೂಡು ಕಟ್ಟುತ್ತದೆ, ಹಿಂದಿನಿಂದ ಹಲ್ಲಿ ಬರುತ್ತದೆ.

ಮಾಡ್‌ಬಸ್ ಮಾತು ಹೋಗುವ ಆರ್‌ಎಸ್-485 ತಂತಿಯನ್ನು ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಎಳೆಯಬೇಕು, ಎರಡು ತುದಿಗೂ 120 ಓಮ್ ರೆಸಿಸ್ಟರ್. ಶೀಲ್ಡನ್ನು ಒಂದೇ ಕಡೆ ಅರ್ತ್ ಮಾಡಬೇಕು. ಎ, ಬಿ ಎಂಬ ಗುರುತನ್ನು ತಯಾರಕರು ಒಬ್ಬರಿಗೊಬ್ಬರು ತಿರುಗಿಸಿ ಬರೆಯುತ್ತಾರೆ; ಉತ್ತರ ಬರದಿದ್ದರೆ ಮೊದಲು ಎರಡು ತಂತಿ ಅದಲುಬದಲು ಮಾಡಿ ನೋಡಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಚಾವಣಿಯಿಂದ ಇಳಿಯುವ ಈ ತಂತಿಗೂ ಸರ್ಜ್ ಪ್ರೊಟೆಕ್ಟರ್ ಬೇಕು, ಎಸಿ ಡಿಸಿಗೆ ಹಾಕಿದರೆ ಸಾಲದು.

ಹೊರಗಿನ ಸಂಪರ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. 4ಜಿ ಸಿಮ್, ಅಳತೆ ಕಳಿಸಲು ಎಂಕ್ಯುಟಿಟಿ ಪ್ರೋಟೋಕಾಲ್, 8883 ಪೋರ್ಟಿನಲ್ಲಿ ಟಿಎಲ್‌ಎಸ್ ಗೂಢಲಿಪಿ. ಗೇಟ್‌ವೇ ತಾನೇ ಹೊರಗೆ ಕರೆ ಮಾಡುತ್ತದೆ, ಹೊರಗಿನಿಂದ ಒಳಗೆ ಯಾವ ಬಾಗಿಲೂ ತೆರೆದಿಲ್ಲ. ಮಾಡ್‌ಬಸ್‌ಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ಅದರ 502ನೇ ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆದಿಟ್ಟರೆ ಯಾರು ಬೇಕಾದರೂ ನಿಮ್ಮ ಇನ್ವರ್ಟರಿಗೆ ಬರೆಯಬಹುದು. ದೂರದಿಂದ ಮೊಬೈಲಿನಲ್ಲಿ ನೋಡಬೇಕೆಂಬ ಆಸೆಗೆ ಹೀಗೆ ತೆರೆದಿಟ್ಟದ್ದನ್ನು ಕಂಡಾಗ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ. ಗಾಳಿಮಳೆಗೆ ಟವರ್ ಹೋದಾಗ ಅಳತೆಗಳು ಸಮಯದ ಮುದ್ರೆಯೊಂದಿಗೆ ಒಳಗೇ ಉಳಿದು, ಸಿಗ್ನಲ್ ಬಂದ ಮೇಲೆ ಹೋಗುತ್ತವೆ. ಮಿತಿಯ ನಿರ್ಧಾರ ಮಾತ್ರ ಯಾವತ್ತೂ ಸರ್ವರಿಗೆ ಹೋಗಿ ಬರುವುದಿಲ್ಲ.

ಸಂಗ್ರಹಿಸಿದ ಅಳತೆ ಬೇರೆ ಕಡೆಯೂ ಕೆಲಸಕ್ಕೆ ಬಂದಿದೆ. ಉಡುಪಿ ಹತ್ತಿರದ ಒಂದು ತೋಟದ ಮನೆಯಲ್ಲಿ ಮಧ್ಯಾಹ್ನವೇ ಸೋಲಾರ್ ನಿಲ್ಲುತ್ತಿತ್ತು, ಇನ್ವರ್ಟರ್ ಹಾಳು ಎಂದು ಮನೆಯವರು ನಂಬಿದ್ದರು. ಗೇಟ್‌ವೇಯ ದಾಖಲೆ ನೋಡಿದರೆ ಪ್ರತಿ ಸಲವೂ ವೋಲ್ಟೇಜ್ 253 ದಾಟಿದ ಕೂಡಲೇ ಕಳಚಿದೆ. 230ರ 110 ಶೇಕಡ ಅದು. ಅದಕ್ಕಿಂತ ಮೇಲಾದರೆ ಎರಡು ಸೆಕೆಂಡಿನ ಒಳಗೆ ಕಳಚಬೇಕೆಂಬುದೇ ನಿಯಮ. ಲೈನಿನ ಕೊನೆಯ ಮನೆ, ಮಧ್ಯಾಹ್ನ ಪಂಪ್ ಓಡುವುದಿಲ್ಲ, ಉತ್ಪಾದನೆಯೆಲ್ಲ ಹೊರಗೆ ಹೋಗುವಾಗ ವೋಲ್ಟೇಜ್ ಏರುತ್ತದೆ. ಮೀಟರಿನವರೆಗೆ ದಪ್ಪ ಕೇಬಲ್ ಹಾಕಿ, ಪಂಪಿನ ಟೈಮರನ್ನು ಹನ್ನೆರಡು ಗಂಟೆಗೆ ತಂದ ಮೇಲೆ ಕಳಚುವುದು ಬಹಳ ಕಡಿಮೆಯಾಯಿತು.

ಇಂಥ ಮನೆಗಳ ಸಂಖ್ಯೆ ಏರುತ್ತಿದೆ. ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂದ ಮೇಲೆ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಸಿಗುವಾಗ ಯಾರು ಬಿಡುತ್ತಾರೆ? ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗೆ ಇಷ್ಟು ಇನ್ವರ್ಟರ್ ಸೇರಿದರೆ ವಿದ್ಯುತ್ ಕಂಪೆನಿಗೆ ಅವುಗಳ ಜೊತೆ ಮಾತಾಡುವ ದಾರಿ ಬೇಕೇ ಬೇಕು. ಅಮೆರಿಕದ ಐಇಇಇ 1547 ಮಾನಕ 2018ರಲ್ಲೇ ಅಂಥ ಪ್ರತಿ ಉಪಕರಣಕ್ಕೂ ಸಂಪರ್ಕದ ಒಂದು ಮುಖ ಇರಲೇಬೇಕು, ಅದು ಸನ್‌ಸ್ಪೆಕ್ ಮಾಡ್‌ಬಸ್, ಡಿಎನ್‌ಪಿ3, ಐಇಇಇ 2030.5 ಈ ಪ್ರೋಟೋಕಾಲ್‌ಗಳಲ್ಲಿ ಒಂದನ್ನಾದರೂ ಅರಿತಿರಬೇಕು ಎಂದಿತು. ನಾನು ಈಗ ಇನ್ವರ್ಟರ್ ಆರ್ಡರ್ ಮಾಡುವ ಮೊದಲೇ ರಿಜಿಸ್ಟರ್ ನಕ್ಷೆಯನ್ನು ಕೈಗೆ ತರಿಸಿಕೊಳ್ಳುತ್ತೇನೆ. ಸಂಪರ್ಕ ತಪ್ಪಿದರೆ ಇನ್ವರ್ಟರ್ ಯಾವ ಮಿತಿಗೆ ಹೋಗುತ್ತದೆ ಎಂದು ತಯಾರಕರಿಂದ ಬರವಣಿಗೆಯಲ್ಲಿ ಕೇಳುತ್ತೇನೆ. ಉತ್ತರ ಕೊಡದವರ ಮಾಲು ಬೇಡ ಎಂದು ಗಿರಾಕಿಗೆ ನೇರವಾಗಿ ಹೇಳುತ್ತೇನೆ. ಮಲ್ಪೆಯ ಪ್ಲ್ಯಾಂಟಿನಲ್ಲಿ ಮೀನು ಸಾಗಿಸುವ ಎಲೆಕ್ಟ್ರಿಕ್ ಗಾಡಿಗಳಿಗೆ ಚಾರ್ಜರ್ ಹಾಕುವ ಮಾತು ನಡೆದಿದೆ. ಅದು ಓಸಿಪಿಪಿ ಎಂಬ ಚಾರ್ಜರ್‌ಗಳ ಪ್ರೋಟೋಕಾಲಿನಲ್ಲಿ ಮಾತಾಡುತ್ತದೆ. ಜನರೇಟರ್ ಓಡುವಾಗ ಆ ಚಾರ್ಜರ್ ನಿಲ್ಲಬೇಕಾ, ಅಥವಾ ನಿಷೇಧದ ತಿಂಗಳುಗಳಲ್ಲಿ ಅದನ್ನೇ ಲೋಡ್ ಆಗಿ ಬಳಸಿ ಸೋಲಾರಿಗೆ ಜಾಗ ಮಾಡಿಕೊಡಬಹುದಾ ಎಂದು ಆಪರೇಟರ್ ಅಣ್ಣನ ಜೊತೆ ಕೂತು ಲೆಕ್ಕ ಹಾಕುತ್ತಿದ್ದೇನೆ.