ಬೆನ್-2 ವರ್ಷಗಟ್ಟಲೆ ತಡ, ಕಂಪನಿಗೆ ದಂಡ ಸೊನ್ನೆ: ನನ್ನ ಅನುಭವ

ಷೇರಿನ ನಿಜವಾದ ಒಡೆಯರು ಯಾರೆಂದು ಕಂಪನಿ ಸರ್ಕಾರಕ್ಕೆ ತಿಳಿಸುವ ಫಾರಂ ಬೆನ್-2. ಅದು ತಡವಾದಾಗ 'ನಾವಾಗಿ ಹೋಗಿ ಹೇಳಿದರೆ ಎಲ್ಲರಿಗೂ ದಂಡ, ಸುಮ್ಮನಿದ್ದುಬಿಡಿ' ಎನ್ನುತ್ತಿದ್ದ ಪುಣೆಯ ಮಿತ್ರರಿಗೆ ಈಗ ಆರ್‌ಒಸಿ (ಕಂಪನಿಗಳ ರಿಜಿಸ್ಟ್ರಾರ್) ಆದೇಶದ ಪ್ರತಿ ತೋರಿಸುತ್ತಿದ್ದೇನೆ. ದಂಡ ಬಿದ್ದದ್ದು ಕರ್ತರ (ಅವಿಭಕ್ತ ಕುಟುಂಬದ ಯಜಮಾನರ) ಮೇಲೆ ಮಾತ್ರ. ಕಂಪನಿ, ಮೂವರು ಡೈರೆಕ್ಟರುಗಳು ಪಾರು.

ಉಡುಪಿ ಕಡೆಯವರ ಹೋಟೆಲ್ ಪ್ರೈವೇಟ್ ಲಿಮಿಟೆಡ್. ಎಚ್‌ಯುಎಫ್ (ಹಿಂದೂ ಅವಿಭಕ್ತ ಕುಟುಂಬ) ಹೆಸರಲ್ಲಿ 12% ಆಸುಪಾಸು ಷೇರು. ಮನೆಯವರದ್ದೇ ಷೇರು ಎಂದು 2019ರಿಂದ ಯಾರೂ ಬೆನ್-1, ಅಂದರೆ ನಿಜವಾದ ಒಡೆಯರು ಕಂಪನಿಗೆ ಕೊಡಬೇಕಾದ ಘೋಷಣೆ, ಕೊಟ್ಟಿರಲಿಲ್ಲ.

ಕಂಪನಿ ಕಾಯ್ದೆಯ ಕಲಂ 90ರಲ್ಲಿ ದಂಡದ ಮೂರು ಮೀಟರುಗಳಿವೆ, ಅವನ್ನು ಬೇರೆಬೇರೆ ಓದಬೇಕು. ಎಸ್‌ಬಿಒಗೆ (ಬೇರೆ ಹೆಸರಿನ ಷೇರಿನ ಹಿಂದಿರುವ ನಿಜವಾದ ಒಡೆಯರಿಗೆ; ಇಲ್ಲಿ ಕರ್ತರಿಗೆ) 50,000 ರೂಪಾಯಿ, ದಿನಕ್ಕೆ 1,000, ಮಿತಿ 2 ಲಕ್ಷ: 150 ದಿನಕ್ಕೇ ತುಂಬುತ್ತದೆ. ಕಂಪನಿಗೆ 1 ಲಕ್ಷ, ದಿನಕ್ಕೆ 500, ಮಿತಿ 5 ಲಕ್ಷ: 800 ದಿನ ಓಡುತ್ತದೆ. ಡೈರೆಕ್ಟರಿಗೆ 25,000, ದಿನಕ್ಕೆ 200, ಮಿತಿ 1 ಲಕ್ಷ. ಕರ್ತರ ಮೀಟರು ಎಂದೋ ತುಂಬಿತ್ತು, ಉಳಿಸಬೇಕಾದದ್ದು ಮಿಕ್ಕೆರಡನ್ನು.

ಬೆನ್-2ರ 30 ದಿನ ಶುರುವಾಗುವುದು ಬೆನ್-1 ಕೈಸೇರಿದ ದಿನದಿಂದ. ಅದಕ್ಕೇ ಮೊದಲು ಕಂಪನಿಯಿಂದ ಮಾಹಿತಿ ಕೇಳುವ ಬೆನ್-4 ನೋಟಿಸು, ಸ್ಪೀಡ್ ಪೋಸ್ಟಿನಲ್ಲಿ, ರಸೀದಿ ಜೋಪಾನ. ಆಮೇಲೆ ಬೆನ್-1, ಅದರ ಮೇಲೆ ಕೈಸೇರಿದ ದಿನದ ಇನ್‌ವರ್ಡ್ ಮೊಹರು, ವಾರದೊಳಗೆ ಬೆನ್-2. ಕೊನೆಗೆ ಜಿಎನ್‌ಎಲ್-1 ಫಾರಂನಲ್ಲಿ ಆರ್‌ಒಸಿಗೆ ತಪ್ಪು ತಿಳಿಸಿ ನಾವಾಗಿಯೇ ಅರ್ಜಿ. ಎಸ್‌ಬಿಒ ಯಾರೆಂದು ಕಂಪನಿಯೇ ಪತ್ತೆ ಹಚ್ಚಬೇಕೆನ್ನುವ 90(4ಎ) ಬಗ್ಗೆ ಅರ್ಜಿಯಲ್ಲಿ ಬರೆದ ಪ್ಯಾರಾ ಮಾತ್ರ ನನ್ನಲ್ಲೇ ಇರಲಿ.

ಬೆನ್-1ಕ್ಕೆ ಹಿಂದಿನ ತಾರೀಕು ಹಾಕುವವರಿದ್ದಾರೆ. ಅದು ಸುಳ್ಳು ಮಾಹಿತಿ, ಸೀದಾ ವಂಚನೆಯ ಕಲಂ 447. ಲಕ್ಷ ಉಳಿಸಲು ಹೋಗಿ ಜೈಲಿನ ಬಾಗಿಲು ತಟ್ಟಿದಂತೆ.

ಸಣ್ಣ ಕಂಪನಿಯಾದ್ದರಿಂದ ಕಲಂ 446ಬಿ ಅಡಿ ದಂಡ ಅರ್ಧ, ಕರ್ತರಿಗೆ 1 ಲಕ್ಷ. ಈ ರಿಯಾಯಿತಿಯಲ್ಲೂ ಕಂಪನಿಗೆ, ಮೂವರು ಡೈರೆಕ್ಟರುಗಳಿಗೆ ಬಿದ್ದಿದ್ದರೆ ಇನ್ನೂ ಸುಮಾರು ಮೂರೂವರೆ ಲಕ್ಷ ಹೋಗುತ್ತಿತ್ತು. ಆದರೆ ಅರ್ಧಕ್ಕಿಂತ ಹೆಚ್ಚು ಷೇರು ಇನ್ನೊಂದು ಕಂಪನಿಯ ಕೈಲಿದ್ದರೆ ಅದು ಸಬ್ಸಿಡಿಯರಿ. 'ಸಣ್ಣ ಕಂಪನಿ' ಪಟ್ಟ ಹೋಯಿತು, ರಿಯಾಯಿತಿಯೂ ಹೋಯಿತು. ಮುಂಬೈಯ ಒಂದು ಫೈಲು ಇಲ್ಲೇ ಮುಗ್ಗರಿಸಿತು. ಇದೇ ಕಲಂ 90ರ ಲಿಂಕ್ಡ್‌ಇನ್ ಇಂಡಿಯಾ ಪ್ರಕರಣದಲ್ಲಿ 2024ರಲ್ಲಿ ಒಟ್ಟು 27 ಲಕ್ಷದ ಮೇಲೆ ಬಿದ್ದದ್ದು ನೆನಪಿರಲಿ.

ಈ ನಡುವೆ ಗೋವಾದ ಒಂದು ಕಂಪನಿಯ ಲೆಕ್ಕವನ್ನೂ ತಿರುವಿ ನೋಡಿದೆ: ನೇರವಾಗಿ 4%, ಎಚ್‌ಯುಎಫ್‌ನಲ್ಲಿ 7%. ಕೂಡಿಸಿದರೆ 11, 10%ರ ಗಡಿ ದಾಟಿ ಎಸ್‌ಬಿಒ ಆಯಿತು. ಬರೀ ನೇರ ಷೇರು 40% ಇದ್ದರೂ ಆಗುವುದಿಲ್ಲ. ಕಡ್ಡಾಯವಾಗಿ ಷೇರಾಗುವ ಪ್ರಿಫರೆನ್ಸ್, ಡಿಬೆಂಚರುಗಳನ್ನೂ ಎಣಿಸಿ. ಅಲ್ಲೇ ಹೆಚ್ಚಿನವರು ಬಿಡುತ್ತಾರೆ.

ದಂಡ ಕಟ್ಟಲು 90 ದಿನ ಸಿಗುತ್ತದೆ. ಕರ್ತರು ಹೋಟೆಲಿನ ಕರೆಂಟ್ ಅಕೌಂಟಿನಿಂದಲೇ ಕಟ್ಟಹೊರಟಿದ್ದರು. ತಡೆದು, ಅವರ ಸ್ವಂತ ಖಾತೆಯಿಂದ ಕಟ್ಟಿಸಿ, ಚಲನ್ ಬಂದ ಮೇಲೆ ಆದೇಶದ ಪ್ರತಿ ಸಲ್ಲಿಸುವ ಐಎನ್‌ಸಿ-28 ಫಾರಂ ಹಾಕಿದೆ.