ಕಂಟೇನರ್ ಇಲ್ಲದೆ ಮಲೆಕುಲಾ ದ್ವೀಪದಲ್ಲಿ ಸಂಸಾರ ಹೂಡಿದ್ದು – ನನ್ನ ಅನುಭವ

ಕುಟುಂಬ ಸಮೇತ ಮಿಷನ್ ಕೆಲಸಕ್ಕೆ ಪೆಸಿಫಿಕ್ ಕಡೆ ಹೊರಟವರು ಮೊದಲು ತಲೆಕೆಡಿಸಿಕೊಳ್ಳುವುದು ಕಂಟೇನರ್ ಬೇಕಾ ಬೇಡ್ವಾ ಅಂತ. ನಾವು ತರ್ಲಿಲ್ಲ. ಫ್ರಿಜ್ಜು, ಜನರೇಟರ್, ವರ್ಷಕ್ಕಾಗುವಷ್ಟು ದಿನಸಿ, ಮಕ್ಕಳ ಹೋಮ್‌ಸ್ಕೂಲ್ ಪುಸ್ತಕ ಎಲ್ಲ ತುಂಬಿಸಿ ತರಬೇಕು, ಇಲ್ಲದಿದ್ರೆ ಆರು ತಿಂಗಳಲ್ಲಿ ಹೆಂಡತಿ ಮಕ್ಕಳು ವಾಪಸ್ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಊರಲ್ಲಿ ಕೇಳಿದ ರೇಟು ಮಂಗಳೂರಿಂದ ಈ ದ್ವೀಪದೇಶ ವನುವಾಟುವರೆಗೆ ಹತ್ತು ಹನ್ನೆರಡು ಲಕ್ಷ ರೂಪಾಯಿ, ಅದರ ಮೇಲೆ ರಾಜಧಾನಿ ಪೋರ್ಟ್ ವಿಲಾದಿಂದ ಮಲೆಕುಲಾಕ್ಕೆ ಸಣ್ಣ ಹಡಗಿನ ಬಾಡಿಗೆ ಬೇರೆ. ಅಷ್ಟು ದುಡ್ಡು ನಮ್ಮ ಸಭೆಯವರ, ಅಂದ್ರೆ ಚರ್ಚಿನವರ ಹತ್ರ ಇರ್ಲಿಲ್ಲ, ಇದ್ರೂ ನಾನು ಕೇಳ್ತಿರ್ಲಿಲ್ಲ. ಈಗ ನಾವು ಇಲ್ಲಿ ನಾಲ್ಕನೇ ವರ್ಷಕ್ಕೆ ಕಾಲಿಟ್ಟಿದ್ದೇವೆ, ಕಂಟೇನರ್ ತಂದವರಲ್ಲಿ ಎರಡು ಸಂಸಾರ ವಾಪಸ್ ಹೋಗಿ ಆಯ್ತು. ಹಾಗಾಗಿ ಬರೆಯುವ ಧೈರ್ಯ ಬಂತು.

ನನ್ನ ವಾದ ಸಿಂಪಲ್. ಕಂಟೇನರ್ ಬೇಕು ಅಂದವರ ಲಿಸ್ಟು ಚಳಿ ದೇಶದಿಂದ ಬರುವವರಿಗೆ ಮಾಡಿದ್ದು. ತೆಂಗು, ಕೆಸು, ಜೀಗುಜ್ಜೆ (ದಿವಿಹಲಸು), ಮರಗೆಣಸು, ಮೀನು, ಸೊಳ್ಳೆ, ಬೆವರು, ಇದ್ರಲ್ಲಿ ಹೊಸತು ಎಂತ ಉಂಟು ಮಾರಾಯ್ರೆ ಕರಾವಳಿಯವರಿಗೆ? ನನ್ನ ಅಜ್ಜಿ ಕಿನ್ನಿಗೋಳಿ ಹತ್ರ ಕರೆಂಟು ಬರುವ ಮೊದಲು ಹೇಗೆ ಮನೆ ನಡೆಸಿದ್ರೋ ಹಾಗೆ ನಡೆಸಿದ್ರೆ ಸಾಕು ಅಂತ ನಾನು ಹೇಳಿದ್ದಕ್ಕೆ ಸುಮಾರು ಜನ ನಕ್ಕಿದ್ರು.

ಜಾಗ ಗೊತ್ತಿಲ್ಲದವರಿಗೆ ಎರಡೇ ಮಾತು. ಮಲೆಕುಲಾ ವನುವಾಟುವಿನಲ್ಲಿ ಎರಡನೇ ದೊಡ್ಡ ದ್ವೀಪ, ಲಕಟೊರೊ ಅಂತ ಒಂದು ಸಣ್ಣ ಪೇಟೆ, ಪಕ್ಕದ ನೊರ್ಸುಪ್‌ನಲ್ಲಿ ವಿಮಾನ ಇಳಿಯುವ ಜಾಗ ಮತ್ತು ಆಸ್ಪತ್ರೆ. ನಮ್ಮ ಹಳ್ಳಿ ಅಲ್ಲಿಂದ ಟ್ರಕ್ಕಲ್ಲಿ ಒಂದೂವರೆ ಗಂಟೆ, ಮಳೆ ಬಂದ್ರೆ ದೇವರೇ ಗತಿ. ಈ ಒಂದೇ ದ್ವೀಪದಲ್ಲಿ ಮೂವತ್ತರ ಹತ್ತಿರ ಭಾಷೆ, ಎಲ್ಲರಿಗೂ ಬರುವುದು ಬಿಸ್ಲಾಮಾ. ಇಲ್ಲಿ ಸುವಾರ್ತೆ ಸಾರಲಿಕ್ಕೆ ನಮ್ಮ ಅಗತ್ಯ ಇಲ್ಲ, ಈ ದೇಶಕ್ಕೆ ಅದು ಬಂದು ನೂರೈವತ್ತು ವರ್ಷದ ಮೇಲಾಯ್ತು, ಜನ ನಮಗಿಂತ ಚೆನ್ನಾಗಿ ಕೀರ್ತನೆ ಹಾಡ್ತಾರೆ. ನಾನು ಸಭೆಯವರು ನಡೆಸುವ ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ಮರಗೆಲಸ ಮತ್ತೆ ವೈರಿಂಗ್ ಕಲಿಸ್ತೇನೆ, ಹೆಂಡತಿ ಹೊಲಿಗೆ.

ಮೊದಲು ನೀರಿನ ವಿಷಯ, ಯಾಕಂದ್ರೆ ದುಡ್ಡು ಹೋದದ್ದು ಅಲ್ಲೇ. ನೆಲ ಎಲ್ಲ ಹವಳದ ಸುಣ್ಣಕಲ್ಲು, ಸಮುದ್ರದ ಬದಿ ಬಾವಿ ತೋಡಿದ್ರೆ ನೀರು ಉಪ್ಪುಪ್ಪು. 1860ರ ದಶಕದಲ್ಲಿ ಜಾನ್ ಪೇಟನ್ ಅನ್ನುವ ಮಿಷನರಿ ದಕ್ಷಿಣದ ಅನಿವಾ ದ್ವೀಪದಲ್ಲಿ ಬಾವಿ ತೋಡಿ ಸಿಹಿನೀರು ಬರಿಸಿದ್ದು ಇಲ್ಲಿ ಎಲ್ಲ ಸಭೆಯವರಿಗೂ ಗೊತ್ತಿರುವ ಕಥೆ, ಅದನ್ನು ಕೇಳಿ ಹುರುಪಿನಿಂದ ನಾವೂ ಆಳು ಹಿಡಿದು ಒಂದು ತೋಡಿಸಿದೆವು, ನಲವತ್ತು ಸಾವಿರ ವಾಟು ಕೈಬಿಟ್ಟಿತು (ಒಂದು ವಾಟು ಅಂದ್ರೆ ನಮ್ಮ ಎಪ್ಪತ್ತು ಪೈಸೆ ಅಂತ ಇಟ್ಕೊಳ್ಳಿ), ಬಂದ ನೀರಲ್ಲಿ ಬಟ್ಟೆ ತೊಳೆದ್ರೆ ಸೋಪು ನೊರೆಯೇ ಬರುದಿಲ್ಲ. ಅದು ಈಗ ಹಂದಿಗಳಿಗೆ.

ಆಮೇಲೆ ಮಾಡಿನ ನೀರು. ನಮಗೆ ಕೊಟ್ಟ ಮನೆಗೆ ನತಂಗೂರ ಅನ್ನುವ ತಾಳೆ ಜಾತಿಯ ಮರದ ಎಲೆಯ ಮಾಡು, ಒಳಗೆ ತಂಪು, ಎಸಿ ಬೇಡ, ಆದ್ರೆ ಅದರಿಂದ ಇಳಿಯುವ ನೀರು ಚಹಾದ ಬಣ್ಣ. ಮಲಗುವ ಕೋಣೆ ಎಲೆಯದ್ದೇ ಇರ್ಲಿ ಅಂತ ಬಿಟ್ಟು ಅಡಿಗೆ ಕೋಣೆಗೆ ಮತ್ತೆ ಅದಕ್ಕೆ ತಾಗಿದ ಹೊಲಿಗೆ ಚಾವಡಿಗೆ ಮಾತ್ರ ಶೀಟು ಹಾಕಿಸಿದೆ, ಒಟ್ಟು ನಲವತ್ತು ಚದರ ಮೀಟರ್ ಇರಬಹುದು. ಹತ್ತು ಮಿಲಿಮೀಟರ್ ಮಳೆಗೆ ಲೆಕ್ಕದಲ್ಲಿ ನಾನೂರು ಲೀಟರ್, ಕೈಗೆ ಸಿಗುವುದು ಮುನ್ನೂರ ಚಿಲ್ಲರೆ. ಆರು ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಲಕ್ಷ ವಾಟು ಹತ್ರ, ಹಡಗಿನ ಬಾಡಿಗೆ ಹದಿನೈದು ಸಾವಿರವೋ ಏನೋ. ದಿನಕ್ಕೆ ಎಂಬತ್ತು ಲೀಟರ್ ಅಂತ ಕಟ್ಟುನಿಟ್ಟು ಮಾಡಿದ್ರೆ ಎರಡೂವರೆ ತಿಂಗಳು ಬರ್ತದೆ, ಸ್ನಾನ ಬಟ್ಟೆ ಎಲ್ಲ ಹೊಳೆಯಲ್ಲೇ. ಮೇಯಿಂದ ಅಕ್ಟೋಬರ್ ಒಣ ಕಾಲ, ಸೆಪ್ಟೆಂಬರಲ್ಲಿ ಟ್ಯಾಂಕಿ ಬಡಿದು ಬಡಿದು ನೋಡುವುದು ಈಗ ಮಗನ ಕೆಲಸ. ಮೊದಲ ಮಳೆಯ ಕೊಳೆ ನೀರನ್ನು ಬೇರೆ ಮಾಡುವ ಪೈಪು ಹೇಗೆ ಅಂತ ನಿಮಗೆಲ್ಲ ಗೊತ್ತು, ಆದ್ರೆ ಅಂಗಡಿಯಲ್ಲಿ ಸಿಗುವ ಚೆಂಡಿನ ವಾಲ್ವ್ (ಕೊಳೆ ನೀರು ತುಂಬಿದ ಮೇಲೆ ಚೆಂಡು ತೇಲಿ ಬಂದು ಪೈಪಿನ ಬಾಯಿ ಮುಚ್ಚುವಂಥದ್ದು) ಇಲ್ಲಿ ಎಲೆ ಕಸಕ್ಕೆ ಮೂರು ತಿಂಗಳಲ್ಲಿ ಸಿಕ್ಕಿಬೀಳ್ತದೆ, ನಾನು ಅದನ್ನು ತೆಂಗಿನ ಗೆರಟೆಯಿಂದ ಬೇರೆ ರೀತಿ ಮಾಡಿದ್ದೇನೆ. ಹೇಗೆ ಅಂತ ಈಗ ಹೇಳುದಿಲ್ಲ, ನಮ್ಮ ಹುಡುಗರು ಅದನ್ನು ಮಾಡಿ ಮಾರ್ತಿದ್ದಾರೆ.

ಸೋಲಾರ್ ಬಗ್ಗೆ ಹೆಚ್ಚು ಬರೆಯುದಿಲ್ಲ. ಇನ್ನೂರು ವಾಟ್ ಪ್ಯಾನೆಲ್, ಲೆಡ್ ಆಸಿಡ್ ಬ್ಯಾಟರಿ ಒಂದೂವರೆ ವರ್ಷಕ್ಕೆ ಸತ್ತಿತು, ಈಗ ಲಿಥಿಯಂ. ಉಪ್ಪು ಗಾಳಿಗೆ ಕನೆಕ್ಟರು ಹಸಿರು ಹಿಡಿಯುವುದು ನಮ್ಮ ಸುರತ್ಕಲ್‌ನಲ್ಲಿ ಹೇಗೋ ಹಾಗೇ. ಫ್ರಿಜ್ಜು ಇಲ್ಲ, ಬೇಕಾಗಿಯೂ ಇಲ್ಲ.

ಊಟಕ್ಕೆ ಬರುವಾ. ಅಕ್ಕಿ 25 ಕಿಲೋ ಚೀಲ ಐದು ಸಾವಿರ ವಾಟು ಆಚೀಚೆ, ಎಲ್ಲ ಹೊರದೇಶದ್ದು, ಕುಚ್ಚಲಕ್ಕಿ ಕನಸಲ್ಲಿ ಮಾತ್ರ. ಮೊದಲ ವರ್ಷ ಮೂರು ಹೊತ್ತು ಅನ್ನ ಮಾಡ್ಲಿಕ್ಕೆ ಹೋಗಿ ತಿಂಗಳ ಖರ್ಚು ಒಂದೂವರೆ ಲಕ್ಷ ವಾಟು ದಾಟಿತ್ತು, ಬೇಳೆ ಪೋರ್ಟ್ ವಿಲಾದಿಂದ ಬರಬೇಕು, ಉದ್ದು ಅಂತೂ ಇಲ್ಲವೇ ಇಲ್ಲ. ಹೆಂಡತಿ ಒಂದು ದಿನ ಲೆಕ್ಕದ ಪುಸ್ತಕ ನನ್ನ ಮುಂದೆ ಇಟ್ಟು, "ನೋಡಿ, ನಿಮ್ಮ ಅಜ್ಜಿ ಅಂಗಡಿ ಅಕ್ಕಿ ತಿಂದೇ ಬದುಕಿದ್ದಾ?" ಅಂತ ಕೇಳಿದ್ಳು. ಅಲ್ಲಿಂದ ಅಡಿಗೆ ಅವಳ ಕೈಗೆ, ನಾನು ಬಾಯಿ ಹಾಕುದಿಲ್ಲ ಅಂತ ಒಪ್ಪಂದ.

ಇಲ್ಲಿಯವರ ಐಲ್ಯಾಂಡ್ ಕ್ಯಾಬೇಜ್ ಅಂದ್ರೆ ಬೆಂಡೆ ಜಾತಿಯ ಗಿಡದ ಸೊಪ್ಪು, ಬೇಯಿಸಿದ್ರೆ ಲೋಳೆ, ತೆಂಗಿನಕಾಯಿ ಅರೆದು ಹಾಕಿದ್ರೆ ಬಸಳೆ ಸಾರು ಅಂತಲೇ ಮಕ್ಕಳು ಉಣ್ತಾರೆ. ಕೆಸುವಿನ ಎಲೆ ಬೇಕಾದಷ್ಟು ಉಂಟು, ಆದ್ರೆ ಪತ್ರೊಡೆ ಮಾಡಿ ಮೊದಲ ಸಲ ಮನೆಮಂದಿಗೆಲ್ಲ ಗಂಟಲು ತುರಿಸಿ ರಾತ್ರಿಯಿಡೀ ನಿದ್ದೆ ಇಲ್ಲ, ಹುಣಸೆ ಇಲ್ಲದೆ ಲಿಂಬೆಯಲ್ಲಿ ಮಾಡಿದ್ದು. ಆಮೇಲೆ ಸಿಕ್ಕಿದ್ದು ನಾಉಸ್ ಹಣ್ಣು, ನಮ್ಮ ಅಮಟೆಕಾಯಿಯ ದೊಡ್ಡಣ್ಣ, ಅದರ ಎಳೆಕಾಯಿ ಜಜ್ಜಿ ಹಾಕಿ ಚೆನ್ನಾಗಿ ಬೇಯಿಸಿದ್ರೆ ತುರಿಕೆ ಇಲ್ಲ. ಯಾವ ಕೆಸು ಆಗ್ತದೆ ಯಾವುದು ಆಗುದಿಲ್ಲ ಅಂತ ಪಕ್ಕದ ಮನೆಯ ಅಜ್ಜಿ ತೋರಿಸಿ ಕೊಟ್ರು, ಅದನ್ನು ಬರೆದು ತಿಳಿಸ್ಲಿಕ್ಕೆ ಆಗುದಿಲ್ಲ, ನೋಡಿಯೇ ಕಲಿಯಬೇಕು.

ನೀರುದೋಸೆಗೆ ಉದ್ದು ಬೇಡ, ಅದೊಂದು ನಮ್ಮ ಪುಣ್ಯ. ಅಕ್ಕಿ ಉಳಿಸ್ಲಿಕ್ಕೆ ಅರ್ಧ ಮರಗೆಣಸು ತುರಿದು ಹಾಕಿ ನೋಡಿದೆವು, ಕಾವಲಿಗೆ ಅಂಟಿ ಏಳ್ಲಿಲ್ಲ. ಕಾಲು ಭಾಗಕ್ಕೆ ಇಳಿಸಿ, ತುರಿಯನ್ನು ಹಿಂಡಿ, ಮತ್ತೊಂದು ಕೆಲಸ ಮಾಡಿದ ಮೇಲೆ ಈಗ ಬಟ್ಟೆ ಹಾಗೆ ಏಳ್ತದೆ. ಆ ಮತ್ತೊಂದು ಕೆಲಸ ಹೆಂಡತಿಯ ಗುಟ್ಟು. ಎಲೆಯ ಕೊಟ್ಟೆಯಲ್ಲಿ ಹಬೆಗೆ ಬೇಯಿಸುವ ಮೂಡೆಯಂತೂ ಗಮ್ಮತ್ತು, ಯಾಕಂದ್ರೆ ಚಾಪೆ ನೇಯ್ಲಿಕ್ಕೆ ಇಲ್ಲಿ ಮನೆಮನೆಯಲ್ಲಿ ಮುಂಡೇವು ಜಾತಿಯ ಎಲೆ ಒಣಗಿಸ್ತಾರೆ, ನಾವು ಹಸಿ ಎಲೆ ಬಾಡಿಸಿ ಕೊಟ್ಟೆ ಕಟ್ಟಿದ್ದನ್ನು ನೋಡ್ಲಿಕ್ಕೆ ಅರ್ಧ ಹಳ್ಳಿ ಬಂದಿತ್ತು. ಅದಕ್ಕೆ ಬದಲಾಗಿ ಅವರು ಲಪ್‌ಲಪ್ ಕಲಿಸಿದ್ರು, ಯಾಮ್ ಗಡ್ಡೆಯೋ ಬಾಳೆಕಾಯಿಯೋ ತುರಿದು ಎಲೆಯಲ್ಲಿ ಹರಡಿ ಸೊಪ್ಪು, ತೆಂಗಿನ ಹಾಲು ಹಾಕಿ ಮಡಚಿ ಬಿಸಿ ಕಲ್ಲಲ್ಲಿ ಬೇಯಿಸುವುದು. ಶನಿವಾರ ಹೆಂಗಸರೆಲ್ಲ ಸೇರಿ ತುರಿಯುವಾಗ ಜೊತೆಗೆ ಕೂತ ಹೆಂಡತಿಗೆ ಮೂರು ತಿಂಗಳಲ್ಲಿ ಬಿಸ್ಲಾಮಾ ಬಂತು, ಕ್ಲಾಸಿಗೆ ಫೀಸು ಕೊಟ್ಟು ಕೂತ ನನಗೆ ವರ್ಷ ಬೇಕಾಯ್ತು.

ಜೀಗುಜ್ಜೆ ಒಂದೇ ಸಲ ಬಂದು ಬೀಳ್ತದೆ. ಹಪ್ಪಳ ಮಾಡಿ ಲಕಟೊರೊ ಮಾರ್ಕೆಟಲ್ಲಿ ಮಾರುವಾ ಅಂತ ಹೊರಟೆ, ಬಿಸಿಲಿಗೆ ಹಾಕಿದ ಕೂಡ್ಲೆ ಮೋಡ, ಎಲ್ಲ ಬೂಷ್ಟು ಹಿಡಿದು ಸುಮಾರು ಇನ್ನೂರು ಹಪ್ಪಳ ಹಂದಿಗೆ. ಹಂದಿಗಳು ನಮ್ಮಿಂದ ದಪ್ಪ ಆಗಿವೆ ಅಂತ ಊರವರು ನಗಾಡ್ತಾರೆ. ಆದ್ರೆ ಊರಲ್ಲಿ ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕಿ ಉಪ್ಪಡ್ ಪಚ್ಚಿಲ್ ಮಾಡಿದ ಹಾಗೆ ಜೀಗುಜ್ಜೆಯನ್ನು ಉಪ್ಪುನೀರಲ್ಲಿ ಹಾಕಿ ಇಟ್ಟದ್ದು ಐದಾರು ತಿಂಗಳು ಬಂತು, ಪಲ್ಯಕ್ಕೆ ಒಳ್ಳೆದು. ಭರಣಿ ತೆಗೆದು ತೋರಿಸಿದಾಗ ಇಲ್ಲಿಯ ಹಿರಿಯರು ಆಶ್ಚರ್ಯವೇ ಪಡ್ಲಿಲ್ಲ, ಅವರೂ ಹಿಂದೆ ಗುಂಡಿ ತೋಡಿ ಎಲೆ ಹಾಸಿ ಜೀಗುಜ್ಜೆ ಹುಳಿ ಬರಿಸಿ ಇಡ್ತಿದ್ರಂತೆ, ಚಂಡಮಾರುತದ ವರ್ಷಕ್ಕೆ ಅಂತ.

ತೋಟದ ವಿಷಯದಲ್ಲಿ ಒಂದು ಕಿವಿಮಾತು. ಇಲ್ಲಿ ಭೂಮಿ ಎಲ್ಲ ಅಲ್ಲಿಯ ಮೂಲ ಮನೆತನದವರದ್ದು, ಹೊರಗಿನವರಿಗೆ ಲೀಸಿಗೆ ಬಿಟ್ರೆ ಸಿಗುದಿಲ್ಲ. ಊರಿನ ಚೀಫ್ ನಮಗೆ ಬೆಳೆ ಮಾಡ್ಲಿಕ್ಕೆ ಅಂತ ಒಂದು ತುಂಡು ತೋರಿಸಿ, ಗಡ್ಡೆ ತರಕಾರಿ ಎಷ್ಟು ಬೇಕಾದ್ರೂ ಹಾಕಿ, ಮರ ಮಾತ್ರ ನೆಡಬೇಡಿ ಅಂದ್ರು. ಮರ ನೆಟ್ರೆ ಜಾಗ ನಂದು ಅಂತ ಹೇಳಿದ ಲೆಕ್ಕ, ನಾಳೆ ಮಕ್ಕಳ ಕಾಲದಲ್ಲಿ ಜಗಳ. ತುಂಬ ಮಿಷನರಿಗಳು ಉತ್ಸಾಹದಲ್ಲಿ ಹಣ್ಣಿನ ಗಿಡ ಹಂಚ್ತಾರಲ್ಲ, ಕೇಳಿಯೇ ಮಾಡಿ. ಬೀಜ ಊರಿಂದ ತರ್ಲಿಕ್ಕೂ ಹೋಗಬೇಡಿ, ಏರ್‌ಪೋರ್ಟಲ್ಲಿ ಬಯೋಸೆಕ್ಯುರಿಟಿಯವರು ಬಿಡುದಿಲ್ಲ, ನನ್ನ ಹೆಂಡತಿಯ ಅಲಸಂಡೆ ಬೀಜ ಹಾಗೆಯೇ ಹೋದದ್ದು. ಬೇಲಿ ಗಟ್ಟಿ ಬೇಕು. ಮೊದಲ ಯಾಮ್ ಬೆಳೆ ಒಂದು ರಾತ್ರಿಯಲ್ಲಿ ಹಂದಿ ಅಗೆದು ಹಾಕಿತು, ಆ ಹಂದಿಗೆ ಬೈಯುವ ಹಾಗೂ ಇಲ್ಲ, ಬಾಗಿದ ಕೋರೆ ಇರುವ ಗಂಡು ಹಂದಿಗೆ ಈ ದ್ವೀಪದಲ್ಲಿ ಇರುವ ಮರ್ಯಾದೆ ನನಗಿಲ್ಲ.

ಈಗ ತಿಂಗಳ ಖರ್ಚು ಎಂಬತ್ತು ತೊಂಬತ್ತು ಸಾವಿರ ವಾಟು, ಅಂದಾಜು ಅರವತ್ತು ಸಾವಿರ ರೂಪಾಯಿ, ನಾಲ್ಕು ಜನಕ್ಕೆ. ಎರಡು ಲಕ್ಷ ವಾಟು ಇಲ್ಲದೆ ಆಗುದೇ ಇಲ್ಲ ಅಂತ ಹೇಳಿದವರಿಗೆ ನಾನು ಲೆಕ್ಕ ಕಳಿಸಿದ್ದೇನೆ, ಉತ್ತರ ಬರ್ಲಿಲ್ಲ. 2024ರ ಡಿಸೆಂಬರ್ 17ಕ್ಕೆ ಪೋರ್ಟ್ ವಿಲಾದಲ್ಲಿ 7.3ರ ಭೂಕಂಪ ಆಗಿ ಕಟ್ಟಡಗಳು ಬಿದ್ದು ಜನ ಸತ್ತ ಮೇಲೆ ಕೆಲವು ವಾರ ನಮ್ಮ ಕಡೆಗೆ ಸಾಮಾನು ಸರಿಯಾಗಿ ಬರ್ಲಿಲ್ಲ, ಅಂಗಡಿಯಲ್ಲಿ ಅಕ್ಕಿ ಮುಗಿಯಿತು. ನಮ್ಮ ಮನೆಯಲ್ಲಿ ಅದು ದೊಡ್ಡ ಸುದ್ದಿಯೇ ಆಗ್ಲಿಲ್ಲ, ಮರಗೆಣಸು ಮಣ್ಣಲ್ಲೇ ಇತ್ತು. ಕಂಟೇನರ್ ಮನೆಯವರೊಬ್ಬರು ಬಂದು ಎರಡು ಬುಟ್ಟಿ ತಗೊಂಡು ಹೋದ್ರು, ಹೆಸರು ಬೇಡ.

ಮಲೇರಿಯಾ ಬಗ್ಗೆ ಹೆದರಿಸಿದವರಿಗೆ ನಾನು ಮಂಗಳೂರಿನವ ಅಂತ ಹೇಳಿದ್ದೆ, ಒಂದು ಕಾಲದಲ್ಲಿ ಕರ್ನಾಟಕದ ಮಲೇರಿಯಾ ರಾಜಧಾನಿ ಆಗಿದ್ದ ಊರಿಂದ ಬಂದವನಿಗೆ ಎಂತ ಹೆದರಿಕೆ. ಆದ್ರೂ ಮಗನಿಗೆ ವೈವಾಕ್ಸ್ ಜಾತಿಯ ಮಲೇರಿಯಾ ಬಂತು, ಹೋಗಿ ಮತ್ತೆ ಬಂತು, ಪರದೆ ಕಟ್ಟಿಯೂ. ವೈವಾಕ್ಸ್ ಲಿವರಲ್ಲಿ ಅಡಗಿ ಕೂತ್ಕೊಳ್ತದೆ, ಅದನ್ನು ಓಡಿಸುವ ಪ್ರಿಮಾಕ್ವಿನ್ ಮಾತ್ರೆಯ ಕೋರ್ಸು, ಸಾಮಾನ್ಯವಾಗಿ ಹದಿನಾಲ್ಕು ದಿನದ್ದು, ಪೂರ್ತಿ ಮಾಡಬೇಕು, ಅದು ಕೊಡುವ ಮೊದಲು ಜಿ-ಸಿಕ್ಸ್-ಪಿಡಿ ಟೆಸ್ಟ್ (ಆ ಮಾತ್ರೆ ಮೈಗೆ ಆಗ್ತದಾ ಅಂತ ನೋಡುವ ರಕ್ತಪರೀಕ್ಷೆ) ಆಗಿರಬೇಕು. ಆ ಟೆಸ್ಟ್ ಮನೆಯವರೆಲ್ಲರಿಗೂ ಊರಲ್ಲೇ ಮಾಡಿಸಿ ರಿಪೋರ್ಟು ಪಾಸ್‌ಪೋರ್ಟ್ ಜೊತೆ ಇಟ್ಟು ಬನ್ನಿ. ನಾವು ಹಾಗೆ ಮಾಡಿದ್ದರಿಂದ ಆ ದಿನ ಗಡಿಬಿಡಿ ಆಗ್ಲಿಲ್ಲ.

ಮಕ್ಕಳ ಶಾಲೆಗೇ ಎಲ್ಲಕ್ಕಿಂತ ಹೆಚ್ಚು ಮಾತು ಕೇಳಿದ್ದು. ಬೋರ್ಡಿಂಗಿಗೆ ಹಾಕಿ, ಊರಲ್ಲಿ ಅಜ್ಜಿ ಹತ್ರ ಬಿಡಿ, ಹೀಗೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರ ಕಥೆ ನಮ್ಮ ಸಭೆಯಲ್ಲಿ ಬೆಳೆದವರಿಗೆಲ್ಲ ಗೊತ್ತು, ಪ್ರೆಸ್ಸು, ಹಂಚಿನ ಕಾರ್ಖಾನೆ, ಕಿಟೆಲ್ಲರ ನಿಘಂಟು ಎಲ್ಲ ಹೇಳ್ತೇವೆ, ಆದ್ರೆ ಅವರು ತಮ್ಮ ಸಣ್ಣ ಮಕ್ಕಳನ್ನು ಹಡಗು ಹತ್ತಿಸಿ ಬಾಸೆಲ್ಲಿಗೆ ಕಳಿಸ್ತಿದ್ರು, ಎಷ್ಟೋ ವರ್ಷ ಮುಖ ನೋಡ್ತಿರ್ಲಿಲ್ಲ ಅನ್ನುವುದನ್ನು ಯಾರೂ ಹೇಳುದಿಲ್ಲ. ಅದು ನನಗೆ ಸರಿ ಕಾಣ್ಲಿಲ್ಲ. ಮಗಳು ಮಗ ಇಬ್ಬರೂ ಹಳ್ಳಿಯ ಇಂಗ್ಲಿಷ್ ಶಾಲೆಗೇ, ಫೆಬ್ರವರಿಗೆ ಶುರು ನವೆಂಬರ್‌ಗೆ ಮುಗೀತದೆ. ದುಡ್ಡು ಕೊಟ್ಟು ತರಿಸಿದ ಹೋಮ್‌ಸ್ಕೂಲ್ ಪ್ಯಾಕೇಜು, ನಲವತ್ತು ಸಾವಿರ ರೂಪಾಯಿಯದ್ದು, ಮೊದಲ ತಿಂಗಳೇ ಮೂಲೆಗೆ, ಹೊರಗೆ ಮಕ್ಕಳು ಆಡುವ ಶಬ್ದ ಕೇಳ್ತಾ ಯಾರು ಒಳಗೆ ಕೂರ್ತಾರೆ? ಗಣಿತ ಮಾತ್ರ ರಾತ್ರಿ ನಾನು ಹೇಳಿಕೊಡ್ತೇನೆ, ಕನ್ನಡ ಅವರಮ್ಮ. ಮಗಳಿಗೆ ಆ ಹಳ್ಳಿಯ ಭಾಷೆಯೂ ಬರ್ತದೆ, ನನ್ನ ಬಗ್ಗೆ ಗೆಳತಿಯರ ಹತ್ರ ಎಂತ ಹೇಳ್ತಾಳೆ ಅಂತ ನನಗೆ ಅರ್ಥ ಆಗುದಿಲ್ಲ, ಅದೊಂದು ಉಪದ್ರ.

ಉಡುಪಿನ ಬಗ್ಗೆ ಹೆಂಗಸರು ಕೇಳ್ತಾರೆ ಅದಕ್ಕೆ ಹೇಳ್ತೇನೆ. ಇಲ್ಲಿ ಹೆಂಗಸರು ಹಾಕುವ ಐಲ್ಯಾಂಡ್ ಡ್ರೆಸ್ ನೋಡಿದ್ರೆ ಲೇಸು ಹಚ್ಚಿದ ನಮ್ಮ ಮಂಗಳೂರು ನೈಟಿ, ಬೇರೆ ಎಂತದೂ ಅಲ್ಲ. ನೈಟಿ ಹಾಕಿ ಆರಾಧನೆಗೆ ಹೋಗ್ಲಿಕ್ಕಾಗುವ ಊರು ಇದೊಂದೇ ಅಂತ ಹೆಂಡತಿಗೆ ಖುಷಿಯೋ ಖುಷಿ. ಈಗ ಅವಳೇ ಹೊಲಿದು ಕಲಿಸ್ತಾಳೆ, ಒಂದಕ್ಕೆ ಸಾವಿರದೈನೂರು ವಾಟು ತಗೊಳ್ತಾರೆ, ದುಡ್ಡು ಹೆಂಗಸರ ಸಂಘಕ್ಕೆ.

ಇಲ್ಲಿ ಬೇರು ಅರೆದು ಮಾಡುವ ಅಮಲಿನ ಪಾನೀಯ ಕಾವಾ ಕುಡಿಯುವುದಾ ಬೇಡ್ವಾ ಅಂತ ಕೇಳುವವರಿಗೆ, ನಿಮ್ಮ ಸಭಾಪಾಲಕರನ್ನು ಕೇಳಿ, ನನ್ನನ್ನಲ್ಲ.

ಬರುವವರು ಸಾಮಾನಿನ ಲಿಸ್ಟು ಕೇಳ್ತೀರಿ. ಹೆರೆಮಣೆ ಬೇಡ, ಪ್ರತಿ ಮನೆಯಲ್ಲೂ ಉಂಟು, ನಾವು ಹೊತ್ತು ತಂದದ್ದು ದಂಡ. ಸೊಳ್ಳೆ ಪರದೆ ಇಲ್ಲೇ ಸಿಗ್ತದೆ. ದೋಸೆ ಕಾವಲಿ ಕಬ್ಬಿಣದ್ದು ಒಂದು, ಹೊಲಿಗೆ ಮೆಷಿನಿನ ಸೂಜಿ ಬೇರೆ ಬೇರೆ ನಂಬರಿನದ್ದು ಹತ್ತು ಪ್ಯಾಕೆಟ್, ಮೆಷಿನಿನ ಬೆಲ್ಟು ಎರಡು, ಅಳತೆ ಟೇಪು ಮಾಮೂಲಿ ಸಾಕು. ಒಳ್ಳೆ ಉಳಿ ಒಂದು ಸೆಟ್ ತಂದ್ರೆ ನಮ್ಮ ಹುಡುಗರಿಗೆ ಕೊಡಿ, ಬದಲಿಗೆ ಆ ಗೆರಟೆ ವಾಲ್ವ್ ಒಂದು ಫ್ರೀ.